ಹಳ್ಳದ ನಡುವೆ ಮನೆ ಹೂಡಿದ ಕಿನ್ಸಿ

ನನ್ನ ಅತ್ತಿಗೆ ಕಿನ್ಸಿ ಆ ಬೆಳಿಗ್ಗೆ ಮನೆ ಬಿಚ್ಚತೊಡಗಿದಾಗ, ಊರು ಬಿಟ್ಟು ಹೋಗುವ ತಯಾರಿ ಅಂತಲೇ ನಾನು ತಿಳಿದೆ. ನಮ್ಮೂರು ಬಲ್ಲಿ ಅದ್‌ನಲ್ಲಿ ಆ ವಾರ ಎಲ್ಲರೂ ಓಡುತ್ತಿದ್ದರು. ಅವಳು ಚಾಪೆ ಸುತ್ತಿದಳು, ಬಾಗಿದ ಕೋಲುಗಳನ್ನು ಕಿತ್ತು ಕಟ್ಟು ಮಾಡಿದಳು, ಒಂಟೆಯನ್ನು ಮಂಡಿಯೂರಿಸಿ ಹೇರಿದಳು. ನಮ್ಮಲ್ಲಿ ಈ ಕೋಲು-ಚಾಪೆಯ ಮನೆ ಹೆಂಗಸಿನದು. ಹೆಣೆಯುವವಳು ಅವಳು, ನಿಲ್ಲಿಸುವವಳು ಅವಳು. ಎಲ್ಲಿ ನಿಲ್ಲಿಸಬೇಕು ಅನ್ನುವುದೂ ಅವಳದೇ ಮಾತು.

"ಬುರಾವ್ ಪೇಟೆ ಕಡೆಗಾ ಅತ್ತಿಗೆ?" ಅಂದೆ.

"ಹಳ್ಳಕ್ಕೆ."

"ಯಾವ ಹಳ್ಳಕ್ಕೆ?"

"ಊರಲ್ಲಿ ಹತ್ತಾರು ಹಳ್ಳ ಇದಾವೇನೇ? ಬಾಯಿ ಮುಚ್ಕೊಂಡು ಹಗ್ಗ ಹಿಡಿ."

ಆ ಒಣ ಹಳ್ಳದ ಪೂರ್ವದ ದಂಡೆಯಲ್ಲಿ ಅವಳ ತವರಿನವರು ಬಂದೂಕು ಹಿಡಿದು ಕೂತಿದ್ದರು; ಮುಂದಾಳು ಅವಳ ಸ್ವಂತ ತಮ್ಮ ಗುಲೇದ್. ಪಶ್ಚಿಮದ ದಂಡೆಯಲ್ಲಿ ನಮ್ಮ ಕುಲದವರು, ಅಂದರೆ ಅವಳ ಗಂಡನ ಮನೆಯವರು. ಅಲ್ಲಿ ಲಾರಿಯ ಬೆನ್ನಿಗೆ ಬಿಗಿದ ದೊಡ್ಡ ಬಂದೂಕಿನ ಹಿಂದೆ ನಿಂತಿದ್ದವನು ಅವಳ ಒಬ್ಬನೇ ಮಗ ಲಿಬಾನ್.

ಹಿಂದಿನ ವರ್ಷವಷ್ಟೇ ಈ ಎರಡೂ ಕುಲದವರು ಒಬ್ಬರ ಹೆಗಲ ಮೇಲೆ ಒಬ್ಬರು ಕೈಹಾಕಿ ಕುಣಿದಿದ್ದರು. ಅದಕ್ಕೂ ಕೆಲವು ವರ್ಷ ಹಿಂದೆ, ರಾಜಧಾನಿ ಮೊಗದಿಶುವಿನ ಸರ್ಕಾರ ನಮ್ಮ ಊರುಗಳ ಮೇಲೆ ವಿಮಾನದಿಂದ ಬಾಂಬು ಹಾಕಿದಾಗ ನನ್ನಣ್ಣ, ಕಿನ್ಸಿಯ ಗಂಡ, ಸತ್ತ. ನಾವಿಬ್ಬರೂ ಗಡಿಯಾಚೆಯ ನಿರಾಶ್ರಿತರ ಶಿಬಿರದಲ್ಲಿ ಹರಿದ ಗುಡಾರದಡಿ ವರ್ಷಗಟ್ಟಲೆ ಬದುಕಿದೆವು. ಆ ಸರ್ಕಾರ ಬಿದ್ದ ಮೇಲೆ ಹಿಂದಿರುಗಿದೆವು. ಬುರಾವ್‌ನಲ್ಲಿ ಹಿರಿಯರೆಲ್ಲ ಸೇರಿ 'ಇನ್ನು ಸೊಮಾಲಿಲ್ಯಾಂಡ್ ಬೇರೆಯೇ ದೇಶ' ಎಂದು ಸಾರಿದ ದಿನ ಕಿನ್ಸಿ ಒಂಟೆಹಾಲು ಮಾರಲು ಹೋಗಿದ್ದವಳು, ಹಾಲನ್ನೆಲ್ಲ ಬೀದಿಯವರಿಗೆ ಸುಮ್ಮನೆ ಕುಡಿಸಿ ಬರಿಗೈಯಲ್ಲಿ ಬಂದಿದ್ದಳು. ಅವಳು ಹಾಲು ಪುಕ್ಕಟೆ ಕೊಟ್ಟದ್ದನ್ನು ನಾನು ಬೇರೆ ಯಾವತ್ತೂ ನೋಡಿಲ್ಲ.

ಆಮೇಲೆ ಬಂದರಿಗೆ ಹೋಗುವ ರಸ್ತೆಯ ಜಗಳ ಶುರುವಾಯಿತು. ಹಾದುಹೋಗುವ ಲಾರಿಗಳನ್ನು ಯಾರು ತಡೆದು ಸುಂಕ ಎತ್ತಬೇಕು? ಹೊಸ ಸರ್ಕಾರ ಬಂದೂಕು ಒಪ್ಪಿಸಿ ಅಂದಿತು. ಅವರು ಮೊದಲು ಒಪ್ಪಿಸಲಿ ಅಂದರು ಇವರು, ಇವರು ಮೊದಲು ಒಪ್ಪಿಸಲಿ ಅಂದರು ಅವರು. ರಸ್ತೆಗೆ ಅಡ್ಡ ಹಾಕಿದ ತಡೆಗಟ್ಟೆಯ ಹತ್ತಿರ ಎರಡೂ ಕಡೆ ಹೆಣ ಬಿತ್ತು. ಹೆಣ ಹೂತವರು ನೇರವಾಗಿ ದಂಡೆಗೆ ಬಂದು ಕೂತರು.

ನಾವು ಒಂಟೆ ಹಿಡಿದು ಹಳ್ಳಕ್ಕಿಳಿದಾಗ ಎರಡೂ ಕಡೆ ಮಾತು ನಿಂತಿತು. ಮರಳು ಆಗಲೇ ಕಾದಿತ್ತು. ಕಿನ್ಸಿ ತಲೆಯೆತ್ತಿ ಯಾರನ್ನೂ ನೋಡಲಿಲ್ಲ. ಸರಿಯಾಗಿ ನಡುಮಧ್ಯ ಗುಂಡಿ ತೋಡಿ ಕೋಲು ನೆಟ್ಟಳು.

ಮೊದಲು ಕೂಗಿದವನು ಗುಲೇದ್. "ಅಕ್ಕಾ! ತಲೆ ಕೆಟ್ಟಿದೆಯಾ ನಿಂಗೆ? ಎದ್ದು ಈಕಡೆ ಬಾ!"

"ನೀನೇ ಬಾರೋ, ಕೋಲು ಹಿಡ್ಕೊ! ಈ ನಾದಿನಿಯೊಬ್ಬಳನ್ನ ಕಟ್ಕೊಂಡು ಒದ್ದಾಡ್ತಿದೀನಿ, ಅಲ್ಲಿಂದ ಕಿರುಚ್ತಾನೆ!"

ಪಶ್ಚಿಮದಿಂದ ಲಿಬಾನ್ ಕೂಗಿದ. "ಅಮ್ಮಾ, ಮಾನ ಕಳೀಬೇಡ. ಎಲ್ಲಾ ನೋಡಿ ನಗ್ತಿದಾರೆ!"

"ನಗಲಿ ಬಿಡೋ! ನಗೋವಾಗ ಗುರಿ ಹಿಡಿಯೋಕಾಗಲ್ಲ!"

ನಿಜವಾಗಿಯೂ ಯಾರೋ ನಕ್ಕರು. ಆದರೆ ಆ ನಗು ಬೇಗ ಸತ್ತಿತು.

ಮನೆ ಎದ್ದು ನಿಂತಿತು. ಒಲೆಯ ಹೊಗೆ ಎದ್ದಿತು. ಚಹಾ ಕುದಿಯುವ ಹೊತ್ತಿಗೆ ಪೂರ್ವದ ದಂಡೆಯಿಂದ ಇನ್ನೊಂದು ಒಂಟೆ ಇಳಿಯಿತು. ಅದನ್ನು ಹಿಡಿದಿದ್ದವಳು ಅರ್ದೊ. ನಮ್ಮ ಕುಲದ ಮಗಳು. ಗುಲೇದ್‌ನ ಕುಲಕ್ಕೆ ಮದುವೆಯಾಗಿ ಹೋದವಳು. ಅವಳ ಗಂಡು ಮಕ್ಕಳೂ ಅಲ್ಲಿ ಬಂದೂಕು ಹಿಡಿದಿದ್ದರು. ಕಿನ್ಸಿಗೂ ಅವಳಿಗೂ ಸಂತೆಯಲ್ಲಿ ಮುಖ ಕಂಡರಾಗದು.

"ಹಾಲಿಗೆ ನೀರು ಬೆರೆಸೋಳ ಪಕ್ಕ ಸಾಯೋ ಗತಿ ಬಂತಲ್ಲ ನಂಗೆ," ಅಂದಳು ಅರ್ದೊ, ಒಂಟೆಯ ಹಗ್ಗ ಬಿಚ್ಚುತ್ತಾ.

"ಸಾಯೋದಾದ್ರೆ ಸ್ವಲ್ಪ ದೂರ ಸಾಯಿ. ನಿನ್ನ ಗೊರಕೆ ನಂಗೊತ್ತು."

ಎರಡನೆಯ ಮನೆ ಎದ್ದಿತು. ಬೆನ್ನಿಗೆ ಬೆನ್ನು ಕೊಟ್ಟ ಎರಡು ಮನೆ: ಒಂದರ ಬಾಗಿಲು ಪೂರ್ವದ ತವರಿಗೆ, ಇನ್ನೊಂದರದ್ದು ಪಶ್ಚಿಮದ ತವರಿಗೆ.

ಆ ದಿನ ಕಳೆಯಿತು. ಕಾಯುವುದೇ ಕಷ್ಟ. ನೊಣ ಹಾರಿದರೂ ನಾನು ಬೆಚ್ಚುತ್ತಿದ್ದೆ. ದಂಡೆಯ ಮೇಲೆ ಯಾರಾದರೂ ಎದ್ದು ನಿಂತರೆ ಕಿನ್ಸಿಯ ಕೈಯ ಚಮಚ ಪಾತ್ರೆಯಲ್ಲಿ ಹಾಗೇ ನಿಲ್ಲುತ್ತಿತ್ತು. ಮಾರನೆಯ ದಿನ ಇನ್ನಷ್ಟು ಹೆಂಗಸರು ಬರುತ್ತಾರೆ ಅಂತ ಅವಳು ಹೇಳಿದಳು. ಯಾರೂ ಬರಲಿಲ್ಲ. ಬಿಸಿಲೇರಿದ ಮೇಲೆ ಅರ್ದೊ ಜೊತೆಗೆ ತಂದಿದ್ದ ಮೇಕೆಗೆ ನೀರಿಡಲು ಹೊರಗೆ ಬಂದಳು. ಆಗ ಗುಂಡಿನ ಸದ್ದು.

ಒಂದೇ ಒಂದು ಗುಂಡು. ಅರ್ದೊ ಕೂತಂತೆ ಕುಸಿದಳು. ಭುಜದ ಬಟ್ಟೆ ಕೆಂಪಾಯಿತು.

ಎರಡೂ ದಂಡೆಯಲ್ಲಿ ಬಂದೂಕುಗಳನ್ನು ಗುಂಡೇರಿಸಿ ಸಜ್ಜುಮಾಡಿದ ಸದ್ದು ಒಟ್ಟಿಗೇ ಕೇಳಿತು. ಆ ಸದ್ದು ಈಗಲೂ ನನ್ನ ಕಿವಿಯಲ್ಲಿದೆ. ಅರ್ದೊಳ ಮಕ್ಕಳು "ಅಮ್ಮಾ" ಎಂದು ಅರಚುತ್ತಾ ಹಳ್ಳಕ್ಕೆ ಧುಮುಕಿದರು, ಹಿಂದೆಯೇ ಗುಲೇದ್. ಆಚೆಯಿಂದ ಲಿಬಾನ್ ಹತ್ತಾರು ಜನರೊಂದಿಗೆ ಓಡಿ ಬಂದ. ಕಿನ್ಸಿ ಅರ್ದೊಳನ್ನು ಎಳೆದು ತನ್ನ ಮನೆಯೊಳಗೆ ಮಲಗಿಸಿ, ಬಾಗಿಲಿಗೆ ಅಡ್ಡ ಕೂತಳು.

"ಪಕ್ಕಕ್ಕೆ ಸರೀರಿ," ಅಂದ ಅರ್ದೊಳ ಹಿರಿಮಗ.

"ಬಂದೂಕು ಹೊರಗಿಟ್ಟು ಬಗ್ಗಿ ಒಳಗೆ ಹೋಗು. ಹೆತ್ತವಳನ್ನ ನೋಡೋಕೆ ಬಂದೂಕು ಬೇಕೇನೋ?"

ಅವನು ಬಂದೂಕನ್ನು ಮರಳಿನ ಮೇಲೆ ಎಸೆದು ಒಳಗೆ ನುಗ್ಗಿದ. ಹೊರಗೆ ಸೋದರಮಾವನೂ ಅಳಿಯನೂ ಎದುರುಬದುರು ನಿಂತಿದ್ದರು.

"ನಿಮ್ಮ ಕಡೆಯಿಂದ ಬಂತು ಗುಂಡು," ಅಂದ ಗುಲೇದ್.

ಲಿಬಾನ್‌ನ ಮುಖ ಬೂದಿಯ ಹಾಗಾಗಿತ್ತು. ಕಿನ್ಸಿ ಮಗನನ್ನೇ ನೋಡಿದಳು. "ನೀನಾ?"

"ನಾನಲ್ಲಮ್ಮ. ಆದ್ರೆ ನಮ್ಮವನೇ. ಕೈಜಾರಿ ಹಾರಿತಂತೆ."

ಗುಲೇದ್ ಬಂದೂಕು ಎತ್ತಿದ. ಆಗ ಒಳಗಿನಿಂದ ಅರ್ದೊಳ ಧ್ವನಿ, ನೋವಿನಲ್ಲೂ ಸಂತೆಯಲ್ಲಿ ಜಗಳಕ್ಕೆ ನಿಂತಾಗಿನ ಅದೇ ಧ್ವನಿ:

"ಏಯ್ ಗುಲೇದ್! ನೀನ್ಯಾರೋ ನನ್ನ ರಕ್ತಕ್ಕೆ ಸೇಡು ತೀರಿಸೋಕೆ? ಮದುವೆಯಾದ ಹೆಂಗಸಿನ ರಕ್ತದ ಹಕ್ಕು ತವರಿನದು. ನನ್ನ ತವರು ಅವರು. ಹೊಡೆದವರೂ ಅವರೇ! ರಕ್ತದ ಪರಿಹಾರಕ್ಕೆ ಒಂಟೆ ಕೊಡಬೇಕಾದವರೂ ತಗೋಬೇಕಾದವರೂ ಅವರೇ! ಅದೆಂಥ ಲೆಕ್ಕ ಅಂತ ಹಿರಿಯರನ್ನ ಕರೆಸಿ ಕೇಳಿ. ಅಲ್ಲೀತನಕ ಒಬ್ಬ ಗುಂಡು ಹಾರಿಸಿದ್ರೂ ನಾನು ಸತ್ತು ದೆವ್ವ ಆಗಿ ಬರ್ತೀನಿ!"

ಅವಳು ಹೇಳಿದ್ದು ನಮ್ಮ ಕಟ್ಟಳೆಯೇ. ತೀರ್ಪಾಗದ ರಕ್ತದ ಮೇಲೆ ಇನ್ನೊಂದು ರಕ್ತ ಚೆಲ್ಲುವಂತಿಲ್ಲ. ಗುಲೇದ್ ಬಂದೂಕಿನ ಮೂತಿ ಇಳಿಸಿದ. "ಹಾಜಿ ವರ್ಸಮೆಯನ್ನ ಕರೆಸಿ," ಅಂದ. ಅವರು ನಮ್ಮ ಕುಲದ ಹಿರಿಯರು. ಅವನ ಬಾಯಲ್ಲಿ ಆ ಹೆಸರು ಬಂದದ್ದೇ ನಮಗೆಲ್ಲ ಆಶ್ಚರ್ಯ.

ಎರಡೂ ಕಡೆಯ ಹಿರಿಯರು ಹಳ್ಳದ ಆಚೆಯ ಜಾಲಿಮರದಡಿ ಕೂತರು. ಅರ್ದೊಳ ಭುಜದ ಮಾತು ತಡೆಗಟ್ಟೆಯ ಹೆಣಗಳಿಗೆ ಹೋಯಿತು, ಅಲ್ಲಿಂದ ರಸ್ತೆಗೆ, ರಸ್ತೆಯಿಂದ ದೊಡ್ಡ ಬಂದೂಕುಗಳಿಗೆ. ಸಿಟ್ಟಾಗಿ ಎದ್ದು ಹೋದವರುಂಟು, ಮತ್ತೆ ಬಂದು ಕೂತವರುಂಟು. ನಾವು ಅನ್ನ, ಚಹಾ ಹೊತ್ತು ಹೊತ್ತು ಸೋತೆವು. ಕೊನೆಗೆ ಲಿಬಾನ್‌ನ ಲಾರಿಯ ಬಂದೂಕನ್ನು ಬಿಚ್ಚಿ ಇಳಿಸಿದರು. ಆ ದಿನವೇ ಗುಲೇದ್‌ನವರೂ ತಮ್ಮದನ್ನು ಇಳಿಸಿದರು. ಅರ್ದೊ ಬದುಕಿದಳು, ಆ ಕೈ ಮಾತ್ರ ತಲೆಯ ಮಟ್ಟಕ್ಕೆ ಏರಲೇ ಇಲ್ಲ. ಅವಳ ಮನೆಯ ಕೋಲುಗಳನ್ನು ಅಲ್ಲಿಂದ ಮುಂದೆ ಕಿನ್ಸಿಯೇ ಹೋಗಿ ಬಾಗಿಸಿಕೊಡುತ್ತಿದ್ದಳು, ದಾರಿಯುದ್ದಕ್ಕೂ ಬೈಯುತ್ತಾ.

ಮರುವರ್ಷ ಬೋರಮದಲ್ಲಿ ಎಲ್ಲ ಕುಲಗಳ ದೊಡ್ಡ ಸಭೆ ಸೇರಿತು. ಕಿನ್ಸಿ ಲಾರಿ ಹತ್ತಿ ಹೋದಳು. ತೀರ್ಮಾನಿಸುವವರಲ್ಲಿ ಹೆಂಗಸರಿಗೆ ಜಾಗವಿರಲಿಲ್ಲ; ಕುಲಕ್ಕಿಷ್ಟು ಜಾಗ, ತವರು ಒಂದು ಗಂಡನ ಮನೆ ಇನ್ನೊಂದಾದವಳು ಯಾವ ಕುಲದ ಲೆಕ್ಕಕ್ಕೆ ಅನ್ನುತ್ತಿದ್ದರು. ಹೊರಗೆ ನಿಂತು ಹಾಜಿ ವರ್ಸಮೆಯವರ ಅಂಗಿಯ ತೋಳು ಹಿಡಿದು ಕೇಳಿದಳಂತೆ: "ಹಳ್ಳದಲ್ಲಿ ಕೂತಾಗ ನಾನು ಯಾವ ಕುಲದವಳು ಅಂತ ಯಾರೂ ಕೇಳ್ಲಿಲ್ಲ. ಇಲ್ಲಿ ಯಾಕೆ ಕೇಳ್ತಾರೆ?" ಮುದುಕರು ತಲೆ ತಗ್ಗಿಸಿ ಒಳಗೆ ಹೋದರಂತೆ. ಅವಳು ಕಿಟಕಿಯ ಹೊರಗಿನಿಂದಲೇ ಕೇಳಿಸಿಕೊಂಡು ಬಂದಳು.

ಎಷ್ಟೋ ವರ್ಷಗಳ ಮೇಲೆ, ನಾವು ಬೇರೆ ದೇಶವೇ ಎಂಬುದನ್ನು ಜನಮತಕ್ಕೆ ಹಾಕಿದ ವರ್ಷ, ಅವಳ ಕಣ್ಣಿಗೆ ಪೊರೆ ಬಂದಿತ್ತು. ವಿದೇಶದಲ್ಲಿ ದುಡಿಯುತ್ತಿದ್ದ ಲಿಬಾನ್ ಚಿಕಿತ್ಸೆಗೆ ಅಲ್ಲಿಗೆ ಬಾ ಅಂದ. ಆದರೆ ನಮ್ಮ ಪಾಸ್‌ಪೋರ್ಟನ್ನು ಅಲ್ಲಿ ಒಪ್ಪುತ್ತಿರಲಿಲ್ಲ. ಆಗ ಯಾವ ದೇಶವೂ ನಮ್ಮನ್ನು ದೇಶ ಅಂದಿರಲಿಲ್ಲ. ಮೊಗದಿಶುವಿನ ಹೆಸರಿನ ಪಾಸ್‌ಪೋರ್ಟು ಸಂತೆಯಲ್ಲೇ ಸಿಗುತ್ತಿತ್ತು.

"ತಗೊಳ್ಳಿ ಅತ್ತಿಗೆ, ಬರೀ ಒಂದು ಪುಸ್ತಕ ಅಷ್ಟೆ," ಎಂದು ನಾನು ಕಣ್ಣೀರಿಟ್ಟೆ, ಜಗಳವಾಡಿದೆ.

"ನಿನ್ನಣ್ಣನ ಮೇಲೆ ಬಾಂಬು ಹಾಕಿದವರ ಹೆಸರಲ್ಲಿ ನಾನು ಗಡಿ ದಾಟ್ಬೇಕಾ? ಬೇಕಿದ್ರೆ ಕಣ್ಣು ಹೋಗಲಿ."

ಎಡಗಣ್ಣು ಹೋಯಿತು. ಬಲಗಣ್ಣನ್ನು ಹರ್ಗೈಸಾದ ವೈದ್ಯೆಯೊಬ್ಬಳು ಉಳಿಸಿದಳು. ಮತದ ದಿನ ನಾನು ಅವಳ ಕೈಹಿಡಿದು ಸಾಲಿನಲ್ಲಿ ನಿಲ್ಲಿಸಿದೆ. ಬಿಸಿಲು ಸುಡುತ್ತಿತ್ತು, ನೆರಳಿಗೆ ಕೂತ್ಕೊಳ್ಳಿ, ಸರದಿ ಬಂದಾಗ ಕರೀತೀನಿ ಅಂದರೆ ಕೇಳಲಿಲ್ಲ. ಬೆರಳಿಗೆ ಶಾಯಿ ಹಚ್ಚಿಸಿಕೊಂಡು ಹೊರಗೆ ಬಂದವಳು ಅದನ್ನು ಒಳ್ಳೆಯ ಕಣ್ಣಿನ ಹತ್ತಿರ ಹಿಡಿದು ನೋಡಿ, "ಬಣ್ಣ ಸ್ವಲ್ಪ ತೆಳುವಾಯ್ತು," ಎಂದು ಗೊಣಗಿದಳು. ಮತ್ತೆ ಒಳಗೆ ಹೋಗಿ ಇನ್ನೊಮ್ಮೆ ಹಚ್ಚಿ ಎಂದು ಕೇಳಲು ಹೊರಟವಳನ್ನು ನಾನು ರಟ್ಟೆ ಹಿಡಿದು ನಿಲ್ಲಿಸಬೇಕಾಯಿತು.