ಮೀನಿಗೊಂದು ಬುತ್ತಿ

ನಾನು ಮೀನು ತಿಂದವನಲ್ಲ. ನಮ್ಮ ಮನೆಯಲ್ಲಿ ಯಾರೂ ತಿನ್ನುವುದಿಲ್ಲ. ಮೊಟ್ಟೆ ಎಂಬ ಪದವನ್ನು ಕೂಡ ಅಮ್ಮ ಸ್ವಲ್ಪ ದನಿ ತಗ್ಗಿಸಿಯೇ ಹೇಳುತ್ತಾಳೆ. ಹೀಗಿದ್ದೂ ಆರು ವರ್ಷ ಮಂಗಳೂರಿನಲ್ಲಿ ಬ್ಯಾಂಕಿನ ನೌಕರಿ ಮಾಡಿ, ವರ್ಗವಾದಾಗ ಅಲ್ಲಿಂದ ತುಮಕೂರಿಗೆ ಏಳು ಮೀನುಗಳನ್ನು ಜೀವಂತವಾಗಿ ಕಾರಿನಲ್ಲಿ ತಂದವನು ನಾನು. ಈ ಸಾಧನೆಯನ್ನು ನಾನೇ ಹೇಳಿಕೊಳ್ಳಬೇಕು, ಬೇರೆ ಯಾರೂ ಹೇಳುವ ಲಕ್ಷಣ ಕಾಣುತ್ತಿಲ್ಲ.

ಮಂಗಳೂರಿನಲ್ಲಿ ಮೀನು ಸಾಗಿಸುವ ಬಗ್ಗೆ ಸಲಹೆ ಕೇಳುವುದಕ್ಕಿಂತ ದೊಡ್ಡ ತಪ್ಪಿಲ್ಲ. ನಮ್ಮ ಬ್ರಾಂಚಿನಲ್ಲಿ ಒಬ್ಬರನ್ನು ಕೇಳಿದೆ. "ಥರ್ಮೊಕೋಲ್ ಬಾಕ್ಸಲ್ಲಿ ಐಸ್ ಹಾಕಿ ಸಾರ್, ಮುನ್ನೂರು ಕಿಲೋಮೀಟರ್ ಏನೂ ಕೆಡುವುದಿಲ್ಲ" ಅಂದರು. ಬದುಕಿರುವ ಮೀನು ಎಂದೆ. "ಹಾಗಾದರೆ ಅಲ್ಲಿ ಹೋಗಿ ಕ್ಲೀನ್ ಮಾಡುವುದಾ?" ಎಂದು ಕೇಳಿದರು. ಗೋಲ್ಡ್ ಫಿಶ್ ಎಂದಮೇಲೆ ಅವರ ಮುಖದಲ್ಲಿ ನನ್ನ ಬಗ್ಗೆ ಕನಿಕರ ಮೂಡಿತು.

ಈ ಮೀನುಗಳು ನನ್ನವಲ್ಲ, ನನ್ನ ಹೆಂಡತಿ ವಿಶಾಲಳವು. ಅವಳು ಶಾಲೆಯಲ್ಲಿ ಪಾಠ ಹೇಳುವವಳು. ಮೂರು ವರ್ಷದ ಹಿಂದೆ ಥೈರಾಯ್ಡ್ ಆಪರೇಷನ್ ಆದಮೇಲೆ ಅವಳ ದನಿ ಹೋಯಿತು. ವಾಪಸು ಬರುತ್ತದೆ ಎಂದರು ಡಾಕ್ಟರು. ಯಾವಾಗ ಎಂದು ಹೇಳಲಿಲ್ಲ. ಟೀಚರಿಗೆ ದನಿ ಹೋಗುವುದೆಂದರೆ ಬಡಗಿಗೆ ಕೈ ಹೋದಂತೆ. ಆ ದಿನಗಳಲ್ಲಿ ಅವಳು ಒಂದು ಗಾಜಿನ ತೊಟ್ಟಿಯನ್ನೂ ಏಳು ಮೀನನ್ನೂ ಕೊಂಡು ತಂದಳು. ಗಾಜಿನ ಈಚೆ ಅವಳು ಸದ್ದಿಲ್ಲದೆ ತುಟಿ ಆಡಿಸುತ್ತಿದ್ದಳು, ಆಚೆ ಅವು ಸದ್ದಿಲ್ಲದೆ ತುಟಿ ಆಡಿಸುತ್ತಿದ್ದವು. ನಡುವೆ ನಾನು ಮಾತ್ರ ಅನಾವಶ್ಯಕವಾಗಿ ಮಾತಾಡುತ್ತಿದ್ದೆ.

ಐದು ತಿಂಗಳಾದ ಮೇಲೆ ಒಂದು ಬೆಳಗ್ಗೆ ನಾನು ಅಡುಗೆಮನೆಯಲ್ಲಿ ದೋಸೆ ಹುಯ್ಯುತ್ತಿದ್ದಾಗ ನಡುಮನೆಯಿಂದ ಒಡಕು ದನಿಯೊಂದು ಕೇಳಿಸಿತು: "ಏಯ್, ತಳ್ಳಬೇಡ್ವೋ ಅವಳನ್ನ!" ದಪ್ಪನೆಯ ಕಿತ್ತಳೆ ಮೀನನ್ನು ಇನ್ನೊಂದು ಮೀನು ಮೂಲೆಗೆ ತಳ್ಳುತ್ತಿತ್ತು. ಅವಳ ಮೊದಲ ಮಾತು ನನಗಲ್ಲ, ಮೀನಿಗೆ. ಒಂದು ಕ್ಷಣ ಹೊಟ್ಟೆಕಿಚ್ಚಾಯಿತು. ಆಮೇಲೆ ದೋಸೆ ಸೀದುಹೋಗುವಷ್ಟು ಹೊತ್ತು ಗೋಡೆ ಕಡೆ ತಿರುಗಿಕೊಂಡು ಅತ್ತೆ. ಆ ಕಿತ್ತಳೆ ಮೀನಿಗೆ ಎಚ್ಚೆಮ್ಮು ಎಂದು ಹೆಸರು. ಅವಳ ಹಳೆಯ ಶಾಲೆಯ ಹೆಡ್ ಮಿಸ್ಸಿನ ಹಾಗೆ ಅದೂ ಸದಾ ರೌಂಡ್ಸ್ ಹೊಡೆಯುತ್ತಿರುತ್ತದೆಯಂತೆ. ಹಾಗಾಗಿ ಈ ಮೀನುಗಳನ್ನು ಪಕ್ಕದ ಮನೆಗೆ ಕೊಟ್ಟು ಬರೋಣ ಎಂದು ನಾನು ಯಾವತ್ತೂ ಹೇಳಲಿಲ್ಲ. ಹೇಳಿದ್ದರೆ ಅವಳು ನನ್ನನ್ನೇ ಪಕ್ಕದ ಮನೆಗೆ ಕೊಟ್ಟು ಬರುತ್ತಿದ್ದಳು.

ತುಮಕೂರಿನ ಶಿರಾ ಗೇಟ್ ಹತ್ತಿರದ ಶಾಲೆಯೊಂದರಲ್ಲಿ ಕೆಲಸ ಸಿಕ್ಕಿ ವಿಶಾಲ ಎರಡು ವಾರ ಮೊದಲೇ ಅಲ್ಲಿಗೆ ಹೋದಳು. ಬಾಡಿಗೆ ಮನೆಯಲ್ಲಿ ಪಾತ್ರೆ ಜೋಡಿಸುವುದಕ್ಕಿಂತ ಮುಂಚೆ ಹೊಸ ತೊಟ್ಟಿ ತಂದು, ನೀರು ತುಂಬಿಸಿ ಹದಕ್ಕೆ ಬಿಟ್ಟಳು. ದಿನಾ ಫೋನ್ ಮಾಡುತ್ತಿದ್ದಳು. "ಹೇಗಿದಾವೆ?" ಎಂದು ಕೇಳುತ್ತಿದ್ದಳು. ಹೇಗಿದೀರಿ ಎಂದಲ್ಲ. ಹೊರಡುವ ಹಿಂದಿನ ದಿನ ಮಾತ್ರ ಎರಡು ಸಲ ಫೋನ್ ಮಾಡಿದಳು. "ಎಚ್ಚೆಮ್ಮುಗೆ ವಯಸ್ಸಾಗಿದೆ ಕಣ್ರೀ. ನಿಮ್ಮನ್ನ ನಂಬಿದೀನಿ" ಅಂದಳು. ನನ್ನ ಆತ್ಮವಿಶ್ವಾಸದಲ್ಲಿ ಯಾವ ಕೊರತೆಯೂ ಇರಲಿಲ್ಲ. ನಿಶ್ಚಿಂತೆಯಾಗಿರು ಎಂದೆ.

ಯಾಕೆಂದರೆ ಅಷ್ಟರಲ್ಲಿ ನಾನು ಈ ವಿಷಯದಲ್ಲಿ ಪಂಡಿತನಾಗಿದ್ದೆ. ಅಗಲ ಬಾಯಿಯ ಮುಚ್ಚಳದ ಡ್ರಮ್ಮಿನಲ್ಲಿ ಅರ್ಧ ನೀರು, ಅರ್ಧ ಗಾಳಿ ಇರಬೇಕು. ನೀರು ಹಳೆಯ ತೊಟ್ಟಿಯದೇ ಆಗಿರಬೇಕು, ಅದೇ ನೀರು ಎರಡು ಕ್ಯಾನ್ ಎಕ್ಸ್‌ಟ್ರಾ ಇರಬೇಕು. ಕತ್ತಲಿದ್ದರೆ ಮೀನು ಗಾಬರಿಯಾಗುವುದಿಲ್ಲ, ಆದ್ದರಿಂದ ಮುಚ್ಚಳ ತೆರೆದು ತೆರೆದು ನೋಡಬಾರದು. ಬ್ಯಾಟರಿಯಲ್ಲಿ ಗಾಳಿ ಊದುವ ಪುಟ್ಟ ಪಂಪು ಬೇಕು. ಎಲ್ಲಕ್ಕಿಂತ ಮುಖ್ಯ, ಹೊರಡುವ ಎರಡು ದಿನ ಮೊದಲಿಂದ ಊಟ ಹಾಕಬಾರದು. ತಿಂದ ಮೀನು ಸಣ್ಣ ಜಾಗದಲ್ಲಿ ನೀರನ್ನು ಕೆಡಿಸಿಕೊಂಡು ಅದರಲ್ಲೇ ಸಾಯುತ್ತದೆ. ಪ್ರಳಯದ ಕಥೆಯಲ್ಲಿ ರಾಜನೊಬ್ಬ ಬೊಗಸೆಗೆ ಸಿಕ್ಕ ಮರಿಮೀನನ್ನು ಮೊದಲು ಚೊಂಬಿಗೆ, ಆಮೇಲೆ ಕೊಳಕ್ಕೆ, ಆಮೇಲೆ ಸಮುದ್ರಕ್ಕೆ ಸಾಗಿಸುತ್ತಾನಲ್ಲ, ಅವನು ಊಟ ಹಾಕಿದ್ದನೋ ಇಲ್ಲವೋ ಪುರಾಣದಲ್ಲಿಲ್ಲ. ಅವನ ಜೊತೆಯಲ್ಲಿ ನನ್ನ ಅಮ್ಮ ಇರಲಿಲ್ಲವಾದ್ದರಿಂದ ಹಾಕಿರಲಾರ.

ಅಮ್ಮ ಗುಬ್ಬಿ ತಾಲ್ಲೂಕು ಹಾಗಲವಾಡಿಯವಳು. ನಮ್ಮ ಜೊತೆ ಮಂಗಳೂರಿನಲ್ಲಿ ಆರು ವರ್ಷ ಇದ್ದೂ ಅವಳ ಮಾತಿನ ಒಂದು ಅಕ್ಷರವೂ ಬದಲಾಗಲಿಲ್ಲ, ರೂಢಿಯೂ ಬದಲಾಗಲಿಲ್ಲ. ಅವರ ಕಡೆ ಯಾವ ಜೀವವೂ ಹೊಸಿಲು ದಾಟುವಾಗ ಹಸಿದಿರಬಾರದು. ಕರು ಮಾರಿದರೆ ಕೊಂಡವನನ್ನು ನಿಲ್ಲಿಸಿ, ಕರುವಿಗೆ ಬೇಯಿಸಿದ ಹುರುಳಿ ತಿನ್ನಿಸಿ, ಆಮೇಲೇ ಹಗ್ಗ ಬಿಚ್ಚಿಕೊಡುತ್ತಾರೆ. ನಮ್ಮಜ್ಜಿ ಗುಬ್ಬಿ ಬಸ್ಸನ್ನು ಮನೆಮುಂದೆ ನಿಲ್ಲಿಸಿಕೊಂಡು, ಮಗಳು ಉಣ್ಣುತ್ತಿದ್ದಾಳೆ ಎಂದು ಡ್ರೈವರಿಗೂ ಕಂಡಕ್ಟರಿಗೂ ಮಜ್ಜಿಗೆ ಕೊಟ್ಟು ಕೂರಿಸಿದ್ದಳಂತೆ. ಅಂಥ ವಂಶದವಳಿಗೆ ನಾನು ಎರಡು ದಿನದ ಉಪವಾಸದ ವಿಷಯ ಹೇಳಿದಾಗ ಅವಳು ನನ್ನನ್ನು ಕಟುಕನನ್ನು ನೋಡುವಂತೆ ನೋಡಿದಳು.

"ಬಾಯಿಲ್ದಿರೋ ಪ್ರಾಣಿ ಕಣ್ಲಾ. ಹಸ್ಕಂಡು ಹೊರಡುಸ್ತೀಯಲ್ಲ, ನಿನ್ಗೇನ್ ಕರುಳಿಲ್ವಾ?"

"ಬಾಯಿ ಇದೆ ಕಣಮ್ಮ. ಅವುಕ್ಕಿರೋದೇ ಅದೊಂದು."

"ಶಿವರಾತ್ರೀಲೂ ನಿನ್ಗೆ ಮಧ್ಯಾಹ್ನಕ್ಕೆ ಅವಲಕ್ಕಿ ಬೇಕು. ಮೀನ್‌ಗೆ ಎರಡ್ ದಿನ ಉಪವಾಸ!"

ಅವಲಕ್ಕಿಯ ಮಾತು ಬಿಟ್ಟು, ನಾನು ನಿಯಮವನ್ನು ಇನ್ನೊಮ್ಮೆ ಹೇಳಿದೆ. ಗೆದ್ದವನು ನಾನೇ ಎಂದುಕೊಂಡೆ, ಏಕೆಂದರೆ ಅವಳು ಸುಮ್ಮನಾದಳು. ನಮ್ಮಮ್ಮ ಸುಮ್ಮನಾದರೆ ಒಪ್ಪಿದ್ದಾಳೆ ಎಂದು ಐವತ್ತು ವರ್ಷದ ಮಗನೂ ತಿಳಿಯಬಾರದು.

ಬೆಳಕು ಹರಿಯುವ ಹೊತ್ತಿಗೆ ಹೊರಟೆವು. ಹಿಂದಿನ ಸೀಟಿನಲ್ಲಿ ಡ್ರಮ್ಮು, ಅದರ ಪಕ್ಕ ಅಮ್ಮ. ಶಿರಾಡಿ ಘಾಟಿಯನ್ನು ನಾನು ಹತ್ತಿದ ವೇಗಕ್ಕೆ ಹಿಂದಿನ ಲಾರಿಗಳೆಲ್ಲ ಹಾರನ್ ಹೊಡೆದು ದಣಿದು, ಕೊನೆಗೆ ಒಬ್ಬ ಡ್ರೈವರ್ ಪಕ್ಕಕ್ಕೆ ಬಂದು ಇಣುಕಿ ನೋಡಿದ. ಬಾಣಂತಿಯನ್ನು ಕೂರಿಸಿಕೊಂಡಿದ್ದೇನೆ ಎಂದುಕೊಂಡಿರಬೇಕು. ಅಮ್ಮನನ್ನು ಕಂಡು ಗೊಂದಲಗೊಂಡು ಮುಂದೆ ಹೋದ. ಹಾಸನ ದಾಟಿತು, ಚನ್ನರಾಯಪಟ್ಟಣ ದಾಟಿತು. ನನ್ನ ನಿಯಮದ ಪ್ರಕಾರ ಒಮ್ಮೆಯೂ ಮುಚ್ಚಳ ತೆರೆಯಲಿಲ್ಲ. ಪಂಪಿನ ಗುಂಯ್ ಸದ್ದು ಕೇಳುತ್ತಲೇ ಇದೆ ಎಂದು ನಾನು ಭಾವಿಸಿದ್ದೆ. ಅದು ಕಾರಿನ ಏಸಿಯ ಸದ್ದು.

ಯಡಿಯೂರು ಬಂದಾಗ ಮಧ್ಯಾಹ್ನ. ಆ ದಾರಿಯಲ್ಲಿ ಹೋಗುವ ನಮ್ಮ ಕಡೆಯ ಕಾರುಗಳು ಅಲ್ಲಿ ತಾವಾಗಿಯೇ ಪಕ್ಕಕ್ಕೆ ತಿರುಗುತ್ತವೆ. ಸಿದ್ಧಲಿಂಗೇಶ್ವರನಿಗೆ ಕೈಮುಗಿದು, ದಾಸೋಹದಲ್ಲಿ ಉಂಡು ಹೊರಡುವುದು ವಾಡಿಕೆ. ಹೊಂಗೆಮರದ ನೆರಳಿನಲ್ಲಿ ಕಾರು ನಿಲ್ಲಿಸಿ, ಒಮ್ಮೆ ನೋಡಿಬಿಡೋಣ ಎಂದು ಮುಚ್ಚಳ ತೆಗೆದೆ.

ನೀರು ಕಾಣಿಸಲಿಲ್ಲ. ಗಂಜಿಯಂಥದ್ದೇನೋ ಕಾಣಿಸಿತು. ಅದರ ಮೇಲೆ ಏಳು ಬಾಯಿಗಳು ಗಾಳಿಗಾಗಿ ತೆರೆದು ಮುಚ್ಚುತ್ತಿದ್ದವು. ಪಂಪು ತಣ್ಣಗಿತ್ತು. ಎಚ್ಚೆಮ್ಮು ಒಂದು ಕಡೆಗೆ ವಾಲಿತ್ತು.

"ಅಮ್ಮ, ಇದೇನಿದು?"

ಅಮ್ಮ ಸೆರಗಿನ ತುದಿ ಹಿಡಿದುಕೊಂಡಳು. "ನೀನು ಬೀಗದಕೈ ಕೊಡಕ್ ಓನರ್ ಮನೆಗ್ ಹೋಗಿದ್ದಲ್ಲ, ಆಗ ಒಂದೀಟು ಮುದ್ದೆ ಹಾಕ್ದೆ ಕಣಪ್ಪ. ಸಣ್ಣಸಣ್ಣಕ್ಕೆ ಉಂಡೆ ಕಟ್ಟಿ. ದೂರದ ದಾರಿ, ಬುತ್ತಿ ಆಗ್ಲಿ ಅಂತ."

ಮೀನಿಗೆ ಬುತ್ತಿ! ಲೋಕದಲ್ಲಿ ಮೀನು ಸಾಗಿಸುವವರು ನೂರಾರು ತಪ್ಪು ಮಾಡಿರಬಹುದು; ಡ್ರಮ್ಮಿನೊಳಗೆ ರಾಗಿಮುದ್ದೆ ಕಟ್ಟಿಕೊಟ್ಟವರು ಹಾಗಲವಾಡಿಯವರು ಮಾತ್ರ. ನನಗೆ ಸಿಟ್ಟು ಬಂತು, ಬೈದೆ. ನಡುರಸ್ತೆಯಲ್ಲಿ, ಎಪ್ಪತ್ತು ದಾಟಿದ ತಾಯಿಯನ್ನು, ಏನು ಹೇಳಿದರೂ ತಲೆಗೆ ಹೋಗುವುದಿಲ್ಲ ಎಂದು ಬೈದೆ. "ವಿಶಾಲ ಏನಂತಾಳೋ" ಎಂದಳು ಅಮ್ಮ, ಅಷ್ಟೆ. ನನಗೆ ಮೀನು ಸಾಯುವ ಹೆದರಿಕೆಗಿಂತ ಹೆಚ್ಚಾಗಿ, ಆ ಐದು ತಿಂಗಳ ಮೌನ ಮತ್ತೆ ಮನೆಯೊಳಗೆ ಬಂದು ಕೂತರೆ ಎಂಬ ಹೆದರಿಕೆ.

ಕುಣಿಗಲ್ ಕೆರೆ ಹತ್ತಿರವೇ ಇದೆ, ಅಲ್ಲಿಯ ನೀರು ತುಂಬಿಸು ಎಂದಳು ಅಮ್ಮ. ಬೇಡ, ಹಳೆಯ ನೀರಿನ ಕ್ಯಾನ್ ಇದೆ ಎಂದೆ. ಅಷ್ಟರಮಟ್ಟಿಗೆ ನನ್ನ ಪಾಂಡಿತ್ಯ ಉಪಯೋಗಕ್ಕೆ ಬಂತು. ಗಂಜಿಯನ್ನು ಬಹುಪಾಲು ತೆಗೆದು ಹೊಂಗೆಮರದ ಬುಡಕ್ಕೆ ಚೆಲ್ಲಿ, ಎರಡೂ ಕ್ಯಾನ್ ನಿಧಾನಕ್ಕೆ ಸುರಿದೆ. ಪಂಪಿಗೆ ಸೆಲ್ ಬದಲಿಸಿದೆ, ತಟ್ಟಿದೆ, ಅಲ್ಲಾಡಿಸಿದೆ. ಅದು ಏಳಲಿಲ್ಲ. ಅಗ್ಗಕ್ಕೆ ಸಿಕ್ಕಿತೆಂದು ಕೊಂಡು, ಒಂದು ದಿನವೂ ಓಡಿಸಿ ನೋಡದೆ ತಂದವನು ನಾನು. ಅಮ್ಮನನ್ನು ಬೈದ ನಾಲಿಗೆ ಈಗ ಬಾಯೊಳಗೇ ಇತ್ತು.

ಅಮ್ಮ ಒಂದು ಮಾತು ಕೇಳಿದಳು. "ಆ ಯಂತ್ರ ಏನ್ಲಾ ಮಾಡೋದು?"

"ನೀರಿಗೆ ಗಾಳಿ ಸೇರಿಸ್ತದೆ."

"ಅಷ್ಟೇ ತಾನೆ?" ಎಂದವಳೇ ಚೀಲದಿಂದ ಸ್ಟೀಲ್ ಲೋಟ ತೆಗೆದಳು. ಡ್ರಮ್ಮಿನ ನೀರನ್ನು ಮೊಗೆದು, ಗೇಣುದ್ದ ಮೇಲಿಂದ ಮತ್ತೆ ಡ್ರಮ್ಮಿಗೇ ಸುರಿದಳು. ಬಿಸಿ ಕಾಫಿ ಆರಿಸುವ ಹಾಗೆ. ನೊರೆಯೆದ್ದಿತು. ವಿಜ್ಞಾನದ ಪ್ರಕಾರ ಇದು ಸರಿಯಾದ ಕ್ರಮ ಎಂದು ನಾನು ಘೋಷಿಸಿದೆ. ಅವಳು ನನ್ನ ಘೋಷಣೆಗೆ ಕಾಯುತ್ತಿರಲಿಲ್ಲ.

"ನೀನ್ ಹೋಗ್ ಉಂಡ್ಕಂಡ್ ಬಾ, ಗಾಡಿ ಓಡುಸ್ಬೇಕು. ನಾನ್ ಇಲ್ಲೇ ನೋಡ್ಕಂತಿರ್ತೀನಿ" ಅಂದಳು. ಹೋದೆ. ಅನ್ನ, ಸಾಂಬಾರು, ಪಾಯಸ. ಪಾಯಸ ಇನ್ನೊಮ್ಮೆ ಬಂದಾಗ ಬೇಡ ಎನ್ನಲಿಲ್ಲ. ಪ್ರಸಾದಕ್ಕೆ ಬೇಡ ಎನ್ನಬಾರದು. ವಾಪಸು ಬಂದಾಗಲೂ ಲೋಟ ಏರಿ ಇಳಿಯುತ್ತಿತ್ತು.

ಕುಣಿಗಲ್ ಬಂತು. ಕೈ ನೋಯುತ್ತದೆ, ಸ್ವಲ್ಪ ನಿಲ್ಲಿಸು ಎಂದೆ. "ನಿಂದ್ ನೀನ್ ನೋಡ್ಕಂಡ್ ಓಡ್ಸು" ಅಂದಳು. ಬಲಗೈ ಸೋತರೆ ಎಡಗೈ, ಎಡಗೈ ಸೋತರೆ ಬಲಗೈ. ಕುಣಿಗಲ್ಲಿನಿಂದ ತುಮಕೂರಿನವರೆಗೆ ಕಾರಿನಲ್ಲಿ ಲೋಟದಿಂದ ನೀರು ಬೀಳುವ ಸದ್ದು ಮಾತ್ರ. ರೋಡ್ ಹಂಪು ಬಂದಾಗಲೆಲ್ಲ ಅವಳ ಸೀರೆ ಒದ್ದೆಯಾಗುತ್ತಿತ್ತು. ನಾನು ಕನ್ನಡಿಯಲ್ಲಿ ಮೀನನ್ನು ನೋಡಲು ಪ್ರಯತ್ನಿಸುತ್ತಿದ್ದೆ. ಕನ್ನಡಿಯಲ್ಲಿ ಅಮ್ಮನೂ ಇದ್ದಳು, ಆದರೆ ನಾನು ಮೀನನ್ನೇ ಹುಡುಕುತ್ತಿದ್ದೆ.

ಶಿರಾ ಗೇಟಿನ ಟ್ರಾಫಿಕ್ಕು ದಾಟಿ ಮನೆ ಮುಟ್ಟಿದಾಗ ವಿಶಾಲ ಗೇಟಿನಲ್ಲೇ ನಿಂತಿದ್ದಳು. ಡ್ರಮ್ಮಿನೊಳಗೆ ನೋಡಿದಳು. ಆರು ಮೀನು ಚುರುಕಾಗಿದ್ದವು. ಎಚ್ಚೆಮ್ಮು ವಾಲಿಕೊಂಡೇ ಇತ್ತು, ಕಿವಿರು ಮಾತ್ರ ಆಡುತ್ತಿತ್ತು. ಅವಳು ಏನೂ ಹೇಳಲಿಲ್ಲ. ನಾನು ನಡೆದದ್ದನ್ನೆಲ್ಲ ಹೇಳಿದೆ, ಪಂಪಿನ ಭಾಗವನ್ನು ಸ್ವಲ್ಪ ಬೇಗ ಮುಗಿಸಿದೆ. ಆಗಲೂ ಅವಳು ಏನೂ ಹೇಳಲಿಲ್ಲ. ತುಮಕೂರಿನ ಬೋರ್‌ವೆಲ್ ನೀರು ಗಡುಸು. ಮಂಗಳೂರಿನ ಮೀನನ್ನು ಅದಕ್ಕೆ ಒಮ್ಮೆಗೇ ಬಿಡುವಂತಿಲ್ಲ. ಐದು ನಿಮಿಷಕ್ಕೊಂದು ಲೋಟ ಹೊಸ ನೀರು ಬೆರೆಸುತ್ತಾ ಒಂದು ಗಂಟೆ ಕಾದೆವು. ಆಮೇಲೆ ವಿಶಾಲ ಎರಡೂ ಕೈಯಲ್ಲಿ ಎಚ್ಚೆಮ್ಮುವನ್ನು ಎತ್ತಿ ಹೊಸ ತೊಟ್ಟಿಗೆ ಬಿಟ್ಟಳು. ಅದು ತಳಕ್ಕೆ ಹೋಗಿ ಕೂತಿತು. ಅಮ್ಮ ಒದ್ದೆ ಸೀರೆಯಲ್ಲೇ ತೊಟ್ಟಿಯ ಮುಂದೆ ನೆಲದ ಮೇಲೆ ಕೂತಳು.

ಎಷ್ಟೋ ಹೊತ್ತಿನ ಮೇಲೆ ಎಚ್ಚೆಮ್ಮು ಒಮ್ಮೆ ಬಾಲ ಬಡಿಯಿತು. ವಾಲಿತು, ಸುಧಾರಿಸಿಕೊಂಡಿತು, ನೆಟ್ಟಗಾಯಿತು. ಮೆಲ್ಲಗೆ ತೊಟ್ಟಿಯ ಉದ್ದಕ್ಕೂ ಒಂದು ರೌಂಡ್ಸ್ ಹೋಯಿತು. ವಿಶಾಲ ನಿಟ್ಟುಸಿರು ಬಿಟ್ಟು, "ಎಲ್ಲಾರೂ ಏಳಿ, ಊಟಕ್ಕೆ" ಅಂದಳು. ಆ ದನಿ ಕೇಳಿ ನನಗೆ ಜೀವ ಬಂತು.

ಅಮ್ಮ ಏಳಲಿಲ್ಲ. "ನನ್ಗೆ ಹಸಿವಿಲ್ಲ, ನೀವ್ ಉಣ್ಣಿ."

"ಯಡಿಯೂರಲ್ಲಿ ಊಟ ಆಯ್ತಾ ಅತ್ತೆ?"

"ಆಯ್ತು, ಪಾಯಸ ತುಂಬಾ ಚೆನ್ನಾಗಿತ್ತು" ಎಂದು ನಾನೇ ಉತ್ತರ ಕೊಟ್ಟೆ. ಕೊಟ್ಟಮೇಲೆ ಹೊಳೆಯಿತು, ಪಾಯಸ ಉಂಡವನು ನಾನೊಬ್ಬನೇ. ಬೆಳಗ್ಗೆ ಸಕಲೇಶಪುರದಲ್ಲಿ ನಾನು ಇಡ್ಲಿ ತಿಂದಾಗಲೂ ಅವಳು ಡ್ರಮ್ಮು ಕಾಯುತ್ತಾ ಕಾರಿನಲ್ಲೇ ಕೂತು ಕಾಫಿ ಮಾತ್ರ ಕುಡಿದಿದ್ದಳು.

ವಿಶಾಲ ನೆಲಕ್ಕೆ ಕೂತು ಅವಳ ಕೈ ಹಿಡಿದಳು. ಅಮ್ಮ ತೊಟ್ಟಿಯನ್ನೇ ನೋಡುತ್ತಿದ್ದಳು. "ಅವುನ್ನ ಕೆಡ್ಸಿದ್ದು ನಾನು ಕಣವ್ವ. ಅವು ಉಣ್ಣೋಗಂಟ ನನ್ಗೂ ಬ್ಯಾಡ, ಬುಡು."

ಇಲ್ಲಿ ಒಂದು ತೊಡಕಿತ್ತು. ಹೊಸ ನೀರಿಗೆ ಬಿಟ್ಟ ಮೀನಿಗೆ ಆ ದಿನ ಏನೂ ತಿನ್ನಿಸಬಾರದು. ಇದು ನಿಯಮ, ನನಗೆ ಚೆನ್ನಾಗಿ ಗೊತ್ತಿದ್ದ ನಿಯಮ. ವಿಶಾಲಳಿಗೂ ಗೊತ್ತು. ಅವಳು ನನ್ನ ಮುಖ ನೋಡಿದಳು. ನಾನು ಮೀನಿನ ತಿಂಡಿಯ ಡಬ್ಬಿ ತೆಗೆದು ಒಂದೇ ಒಂದು ಕಾಳನ್ನು ಉಗುರಿನಲ್ಲಿ ಮುರಿದು ನೀರಿಗೆ ಹಾಕಿದೆ. ಎಚ್ಚೆಮ್ಮು ಬಂತು. ಬಾಯಿಗೆ ಹಾಕಿಕೊಂಡು ಉಗಿಯಿತು. ಅಮ್ಮ ಗಾಜಿಗೆ ಇನ್ನಷ್ಟು ಹತ್ತಿರ ಬಾಗಿದಳು. ಅದು ತಿರುಗಿ ಬಂದು ನುಂಗಿತು. ಅಮ್ಮ ಕೈ ತೊಳೆಯಲು ಎದ್ದಳು.

ಈಗ ತುಮಕೂರಿನಲ್ಲಿ ಯಾರಾದರೂ ಮೀನು ಸಾಗಿಸುವುದು ಹೇಗೆಂದು ಕೇಳಿದರೆ ನಾನು ಅದೇ ವಿಶ್ವಾಸದಿಂದ ಎಲ್ಲ ನಿಯಮಗಳನ್ನೂ ಹೇಳುತ್ತೇನೆ, ಒಂದನ್ನೂ ಬದಲಿಸಿಲ್ಲ. ಕೊನೆಯಲ್ಲಿ ಒಂದನ್ನು ಸೇರಿಸುತ್ತೇನೆ: ಹೊರಡುವ ಮೊದಲು ಮೀನಿಗೆ ಊಟ ಹಾಕಬೇಡಿ, ಸರಿ, ಆದರೆ ಪಕ್ಕದಲ್ಲಿ ಕೂತವರು ಉಂಡಿದ್ದಾರೆಯೇ ಎಂದು ದಾರಿಯಲ್ಲಿ ಒಮ್ಮೆ ಕೇಳಿ. ಮೀನಾದರೆ ಹಸಿವಾದಾಗ ಬಾಯಿ ತೆರೆದು ತೋರಿಸುತ್ತದೆ.