ಪಂಚಾಕ್ಷರಿಯವರ ಓರೆ ಹೊಲಿಗೆ

ಪಂಚಾಕ್ಷರಿಯವರನ್ನು ಸಂದೀಪ ಮೊದಲ ಸಲ ಕಂಡದ್ದು ಊಟದ ಪಂಕ್ತಿಯಲ್ಲಿ. ಅದು ೨೦೧೪ರ ಯುಗಾದಿ. ಪರ್ತ್‌ನ ಥಾರ್ನ್ಲಿ ಬಡಾವಣೆಯ ಸಮುದಾಯ ಭವನದಲ್ಲಿ ಕನ್ನಡದವರೆಲ್ಲ ಸೇರಿದ್ದರು. ಈ ವರ್ಷವಾದರೂ ನೆಲದ ಮೇಲೆ ಕೂತು ಎಲೆಯಲ್ಲಿ ಉಣ್ಣೋಣ ಎಂದು ಹಿರಿಯರು ಹಟ ಹಿಡಿದಿದ್ದರಿಂದ ಯಾರದೋ ಹಿತ್ತಿಲಿನ ಬಾಳೆಗಿಡಗಳು ಬೋಳಾಗಿದ್ದವು. ನೆಲಕ್ಕೆ ಉದ್ದಕ್ಕೂ ಬಿಳಿ ಕಾಗದ ಹಾಸಿ, ಅದರ ಮೇಲೆ ಎಲೆ ಹಾಕಿ, ಕೋಸಂಬರಿ ಬಡಿಸುವುದೂ ಆಗಿತ್ತು. ಎಲ್ಲರೂ ಕುಳಿತರು. ಸಂದೀಪನಿಗೆ ಮಾತ್ರ ಕೂರಲು ಆಗಲಿಲ್ಲ.

ಅವನು ಅಂದು ತೊಟ್ಟಿದ್ದುದು ಜಪಾನಿನಿಂದ ತರಿಸಿದ ಹೊಚ್ಚಹೊಸ ಜೀನ್ಸ್. ನೀರು ಕಾಣದ, ಗಂಜಿ ಬಿಡದ ಬಟ್ಟೆ. ಕಳಚಿ ಗೋಡೆಗೆ ಒರಗಿಸಿದರೆ ತಾನೇ ನಿಲ್ಲುವಷ್ಟು ಗಟ್ಟಿ. ಚಕ್ಕಳಮಕ್ಕಳ ಹಾಕಲು ಹೋದರೆ ಮಂಡಿ ಮಡಿಚಲೊಲ್ಲದು. ಒಂದು ಕಾಲನ್ನು ಹೇಗೋ ಮಡಿಸಿದರೆ ಇನ್ನೊಂದು ಎದುರು ಸಾಲಿನವರ ಎಲೆಯತ್ತ ಚಾಚಿಕೊಳ್ಳುತ್ತಿತ್ತು. ಕೊನೆಗೆ ಎರಡೂ ಕಾಲನ್ನು ಪಕ್ಕಕ್ಕೆ ಸರಿಸಿ, ಒಂದು ಕೈ ನೆಲಕ್ಕೂರಿ, ವಾಲಿಕೊಂಡು ಕುಳಿತ.

ಪಕ್ಕದ ಎಲೆಯವರು ಐವತ್ತು ದಾಟಿದ, ಮೀಸೆಯನ್ನು ಅಳತೆಗೆ ಕತ್ತರಿಸಿದ, ಅಚ್ಚ ಬಿಳಿಯ ಪಂಚೆಯುಟ್ಟ ಗೃಹಸ್ಥರು. ಇವನ ಪಾಡನ್ನು ಆಗಿನಿಂದ ನೋಡುತ್ತಿದ್ದವರು ಮೆಲ್ಲಗೆ ಕೇಳಿದರು.

"ಮಂಡಿ ಆಪರೇಷನ್ ಆಗಿದೆಯೇನಪ್ಪಾ?"

"ಇಲ್ಲ ಅಂಕಲ್, ಪ್ಯಾಂಟ್ ಸ್ವಲ್ಪ ಹೊಸದು."

"ಪ್ಯಾಂಟಾ? ನಾನು ತಗಡು ಅಂದ್ಕೊಂಡೆ."

ಊಟ ಮುಗಿದು ಎದ್ದಾಗ ಅವರ ಪಂಚೆಯ ಒಂದು ಮಗ್ಗುಲಿಗೆ ಅಂಗೈಯಗಲದ ನೀಲಿ ಮೆತ್ತಿಕೊಂಡಿತ್ತು. ಹೋಳಿಗೆಯ ಪಾತ್ರೆ ಹಿಡಿದಿದ್ದ ಅವರ ಹೆಂಡತಿ ಸುಲೋಚನಾ ಅಲ್ಲಿಂದಲೇ ಕೂಗಿದರು. "ಅಯ್ಯೋ, ಇವರ ಪಂಚೆ! ಹಬ್ಬದ ದಿನ ಯಾವ ಇಂಕ್ ಬಾಟಲಿ ಪಕ್ಕ ಕೂತಿದ್ರಿ?"

"ಸಾರಿ ಆಂಟಿ, ಇದು ಬಣ್ಣ ಬಿಡತ್ತೆ. ಒಂದಾರು ತಿಂಗಳು ಒಗೆಯೋ ಹಾಗಿಲ್ಲ."

"ಆರು ತಿಂಗಳಾ? ಮದುವೆ ಆಗಿದೆಯೇನಪ್ಪಾ ನಿಂಗೆ?"

"ಆಗಿದೆ ಆಂಟಿ."

"ಪಾಪ ಹುಡುಗಿ."

ಪಂಚಾಕ್ಷರಿಯವರು ಪಂಚೆಯ ಕಡೆ ನೋಡಲೂ ಇಲ್ಲ. ಸಂದೀಪನನ್ನು ಕುರ್ಚಿಯ ಮೇಲೆ ಕೂರಿಸಿ, ಜೇಬಿನಿಂದ ಕನ್ನಡಕ ತೆಗೆದು, ಅವನ ಪ್ಯಾಂಟಿನ ಕಾಲಂಚನ್ನು ಒಳಮಗ್ಗುಲು ಕಾಣುವಂತೆ ಮಡಚಿ, ಬೆಳಕಿಗೆ ಹಿಡಿದರು. ಕಾಲಿನ ಉದ್ದಕ್ಕೂ ಸೀರೆಯ ಅಂಚಿನಂತೆ ನೇಯ್ದ ಬಿಳಿ ಪಟ್ಟಿ, ಅದರಲ್ಲೊಂದು ಕೆಂಪು ಎಳೆ. ಎಲ್ಲೂ ಒಂದು ದಾರ ಜೋತುಬಿದ್ದಿರಲಿಲ್ಲ.

"ಒಳಮೈ ಇಷ್ಟು ಅಚ್ಚುಕಟ್ಟಾಗಿದೆ ಅಂದ್ರೆ, ಯಾರೋ ಕೂತು ಮನಸ್ಸಿಟ್ಟು ನೋಡಿದ್ದಾರೆ ಕಣಪ್ಪಾ. ಈ ಕೊನೇ ಮಡಿಕೆ ಮಾತ್ರ ಸ್ವಲ್ಪ ತಿರುಚಿದೆ. ಮನೆಗೆ ಹೋಗೋ ಅವಸರ ಇತ್ತೇನೋ."

ಸಂದೀಪನ ಬಾಯ್ತುಂಬ ಆಗಷ್ಟೇ ಹಾಕಿಕೊಂಡ ಬೀಡಾ ಇತ್ತು. ಅವನು ಸುಮ್ಮನೆ ನಕ್ಕ.

ಪಂಚಾಕ್ಷರಿಯವರು ತಿಪಟೂರು ಕಡೆಯ ಒಂದು ಹಳ್ಳಿಯವರು. ಮನೆತನದಲ್ಲಿ ಡಿಪ್ಲೊಮಾ ಓದಿದ ಮೊದಲಿಗರು. ಬೆಂಗಳೂರಿನ ಯಂತ್ರಗಳ ಕಾರ್ಖಾನೆಯೊಂದರಲ್ಲಿ ತಪಾಸಣೆಯ ವಿಭಾಗದಲ್ಲಿದ್ದು, ಆಮೇಲೆ ಸ್ಕಿಲ್ಡ್ ವೀಸಾದಲ್ಲಿ ಪರ್ತ್‌ಗೆ ಬಂದವರು. ವೆಲ್ಷ್‌ಪೂಲ್‌ನಲ್ಲಿ ಗಣಿಗಳಿಗೆ ಬಿಡಿಭಾಗ ಮಾಡಿಕೊಡುವ ಕಾರ್ಖಾನೆಯಲ್ಲಿ, ಬೇರೆಯವರು ಮಾಡಿದ್ದರಲ್ಲಿ ತಪ್ಪು ಹುಡುಕುವುದೇ ಅವರ ಉದ್ಯೋಗವಾಗಿತ್ತು. ಗಣಿಗಳ ಸುಗ್ಗಿ ಇಳಿಯುತ್ತಿದ್ದಂತೆ, ಆ ಯುಗಾದಿಯ ಮರುವರ್ಷ ಕೆಲಸ ಹೋಯಿತು. ಆ ಬಳಿಕ ಅವರು ಮನೆಯ ಗ್ಯಾರೇಜಿನಲ್ಲಿ ನೆರೆಹೊರೆಯವರ ಮಿಕ್ಸಿ, ಹುಲ್ಲು ಕತ್ತರಿಸುವ ಯಂತ್ರ, ಕಡೆಗೆ ಮಕ್ಕಳ ಸೈಕಲ್ಲುಗಳನ್ನೂ ರಿಪೇರಿ ಮಾಡತೊಡಗಿದರು. ರಿಪೇರಿಗೆ ಏನೂ ಬಾರದ ದಿನ, ಚೆನ್ನಾಗಿಯೇ ಓಡುತ್ತಿದ್ದ ಸ್ವಂತ ವಾಷಿಂಗ್ ಮೆಷಿನ್ನನ್ನು ಬಿಚ್ಚಿ ಹರವಿಕೊಂಡು ಸುಲೋಚನಾ ಅವರಿಂದ ಬೈಸಿಕೊಳ್ಳುತ್ತಿದ್ದರು.

ಇತ್ತ ಸಂದೀಪನ ಹುಚ್ಚು ಬೆಳೆಯುತ್ತಿತ್ತು. ಅದು ಅಂಟಿದ್ದು ಅಡಿಲೇಡ್‌ನಲ್ಲಿ. ಅಲ್ಲಿ ಮೊದಲ ಕೆಲಸಕ್ಕೆ ಸೇರಿದ್ದಾಗ, ಮಳೆಯಿಂದ ತಪ್ಪಿಸಿಕೊಳ್ಳಲೆಂದು ಒಂದು ಪುಟ್ಟ ಅಂಗಡಿ ಹೊಕ್ಕಿದ್ದ. ಅಲ್ಲಿ ತೂಗುಹಾಕಿದ್ದ ಜಪಾನೀ ಅಂಗಿಯೊಂದರ ಗುಂಡಿಯ ರಂಧ್ರವನ್ನು ನೋಡುತ್ತ ನಿಂತವನು ಮಳೆ ನಿಂತದ್ದನ್ನೇ ಮರೆತ. ಎಲ್ಲರೂ ಬಿಸಾಡಿದ ಹಳೆಯ ಕಿರಿದಾದ ಮಗ್ಗಗಳಲ್ಲಿ ಜಪಾನಿನವರು ಇನ್ನೂ ನೇಯುತ್ತಾರೆ. ನೂಲಿನ ನಡುವೆ ಬಿಳುಪು ಉಳಿಯುವ ಹಾಗೆ ನೀಲಿಯಲ್ಲಿ ಅದ್ದುತ್ತಾರೆ. ತೊಡುವವನ ನಡಿಗೆ, ಅವನು ಕೂರುವ ರೀತಿ, ಜೇಬಿನಲ್ಲಿಡುವ ಪರ್ಸು, ಎಲ್ಲವೂ ವರ್ಷ ಕಳೆದಂತೆ ಬಟ್ಟೆಯ ಮೇಲೆ ಬಿಳಿಯ ಗುರುತಾಗಿ ಏಳುತ್ತವೆ. ಒಬ್ಬರ ಪ್ಯಾಂಟು ಇನ್ನೊಬ್ಬರ ಪ್ಯಾಂಟಿನಂತೆ ಮಾಸುವುದಿಲ್ಲ. ಸಂದೀಪನಿಗೆ ಇದನ್ನು ಹೇಳತೊಡಗಿದರೆ ಊಟ ತಿಂಡಿ ಬೇಡ.

೨೦೧೬ರಲ್ಲಿ ಅವನು ಸಾಫ್ಟ್‌ವೇರ್ ಕೆಲಸ ಬಿಟ್ಟು ಪರ್ತ್‌ನ ನಡುಪಟ್ಟಣದ ಓಣಿಯೊಂದರಲ್ಲಿ ಈ ಬಟ್ಟೆಗಳ ಅಂಗಡಿ ತೆರೆದ. ಹೆಂಡತಿ ಅದಿತಿ ಒಂದೇ ಷರತ್ತು ಹಾಕಿದ್ದಳು. ವರ್ಷದೊಳಗೆ ಅಂಗಡಿ ಕಾಲ ಮೇಲೆ ನಿಲ್ಲಬೇಕು, ಇಲ್ಲವೇ ಹಳೆಯ ಕೆಲಸಕ್ಕೆ ಮರಳಬೇಕು.

ಜಪಾನೀ ಜೀನ್ಸ್ ಬರುವುದೇ ಉದ್ದಕ್ಕೆ. ಕೊಂಡವನ ಕಾಲಿಗೆ ತಕ್ಕಂತೆ ಕತ್ತರಿಸಿ ಅಂಚು ಮಡಿಸಿ ಕೊಡಬೇಕು, ಅದೂ ಕುಣಿಕೆಯೊಳಗೆ ಕುಣಿಕೆ ಬೀಳುವ ಸರಪಳಿ ಹೊಲಿಗೆಯಲ್ಲಿ. ಅದಕ್ಕೆ ಬೇಕಾದ ಹಳೆಯ ಅಮೆರಿಕನ್ ಯಂತ್ರ ಪರ್ತ್‌ನಲ್ಲಿ ಯಾರ ಬಳಿಯೂ ಇರಲಿಲ್ಲ. ಅಡಿಲೇಡ್‌ನಲ್ಲಿ ಮುಚ್ಚಿಹೋದ ಒಂದು ಕಾರ್ಖಾನೆಯಲ್ಲಿ ಧೂಳು ತಿನ್ನುತ್ತಿದ್ದ ಯಂತ್ರವನ್ನು ಸಂದೀಪ ಹುಡುಕಿ ತರಿಸಿದ. ಲಾರಿಯಿಂದ ಇಳಿಸಿದಾಗ ಅದರ ಚಕ್ರವೇ ತಿರುಗಲಿಲ್ಲ. ಅವನಿಗೆ ನೆನಪಾದದ್ದು ಪಂಚಾಕ್ಷರಿಯವರು.

"ಇದು ಹೊಲಿಬೇಕು, ಅಷ್ಟೇ ತಾನೇ?" ಎಂದರು ಅವರು.

"ಹೊಲಿದ್ರೆ ಸಾಕು ಅಂಕಲ್. ಈ ಊರಲ್ಲಿ ಇರೋದು ಇದೊಂದೇ. ಇದು ಓಡಿದ್ರೆ ನನ್ನ ಅಂಗಡಿ ಓಡತ್ತೆ."

ಯಂತ್ರ ಥಾರ್ನ್ಲಿಯ ಗ್ಯಾರೇಜು ಸೇರಿತು. ಪಂಚಾಕ್ಷರಿಯವರು ಅದರ ಒಂದೊಂದು ತಿರುಪನ್ನೂ ಬಿಚ್ಚಿ, ಸೀಮೆಎಣ್ಣೆಯಲ್ಲಿ ನೆನೆಸಿ, ಒರೆಸಿ, ಜೋಡಿಸಿದರು. ಅವರ ಮುಖಕ್ಕೆ ಕಳೆ ಬಂದದ್ದನ್ನು ಕಂಡು ಸುಲೋಚನಾ ದಿನಕ್ಕೆರಡು ಸಲ ಗ್ಯಾರೇಜಿಗೇ ಕಾಫಿ ಕಳಿಸತೊಡಗಿದರು. ಒಂದು ಶನಿವಾರ ಫೋನ್ ಬಂತು. "ಆರ್ವೋ ಬಾರಪ್ಪಾ, ಒಂದು ಜೀನ್ಸ್ ತಗೊಂಡು." ಮಧ್ಯಾಹ್ನಕ್ಕೆ ಆ ಊರಿನವರು ಹೇಳುವ ಮಾತು ಅವರ ಬಾಯಿಗೂ ಹತ್ತಿತ್ತು.

ಸಂದೀಪ ಬ್ರಿಸ್ಬೇನ್‌ನ ಡಾಕ್ಟರ್ ರಮಾಕಾಂತ್ ಅವರು ತನ್ನಲ್ಲಿ ಕೊಂಡಿದ್ದ ಜೀನ್ಸ್ ಒಯ್ದ. ಆ ಸೆಕೆಯ ಊರಿನಲ್ಲಿದ್ದುಕೊಂಡೂ ಕಂಬಳಿಯಂಥ ಜೀನ್ಸ್ ತೊಡುವ ಆಸ್ಪತ್ರೆಯ ವೈದ್ಯರು ಅವರು. ತಮ್ಮಂಥ ಹುಚ್ಚರ ದೊಡ್ಡ ಗುಂಪನ್ನೇ ಕಟ್ಟಿಕೊಂಡಿದ್ದರು. ಅವರು ಮೆಚ್ಚಿದರೆ ಗುಂಪು ಮೆಚ್ಚಿದಂತೆ.

ಯಂತ್ರ ಜೇನುಹುಳದಂತೆ ಗುಂಯ್‌ಗುಟ್ಟಿತು. ಅಂಚು ಹೊಲಿದು ಹೊರಬಂತು. ಸ್ಕೇಲು ಇಟ್ಟು ಗೆರೆ ಎಳೆದಂಥ, ಎಲ್ಲೂ ಸುಕ್ಕಿಲ್ಲದ, ನೆಟ್ಟನೆಯ ಚಪ್ಪಟೆ ಅಂಚು.

"ಇದರಲ್ಲೊಂದು ಭಾರೀ ದೋಷ ಇತ್ತು ನೋಡು," ಎಂದರು ಪಂಚಾಕ್ಷರಿ, ಕಣ್ಣರಳಿಸಿ. "ಮೇಲಿನ ಬಟ್ಟೆ, ಕೆಳಗಿನ ಬಟ್ಟೆ ಒಂದೇ ಸಮ ಮುಂದಕ್ಕೆ ಹೋಗ್ತಿರಲಿಲ್ಲ. ಹೊಲಿಗೆ ತಿರುಚ್ಕೊಳ್ತಿತ್ತು. ಇಷ್ಟು ವರ್ಷ ಯಾರೂ ಗಮನಿಸಿಯೇ ಇಲ್ಲ ಮಾರಾಯ! ಬಟ್ಟೆ ಒತ್ತೋ ಪಾದಾನ ಉಜ್ಜಿ ಸಮ ಮಾಡ್ದೆ, ಬಟ್ಟೆ ಮುಂದಕ್ಕೆ ತಳ್ಳೋ ಹಲ್ಲುಗಳನ್ನೂ ಸರಿ ಮಾಡಿಬಿಟ್ಟೆ."

ಆ ದೋಷಕ್ಕಾಗಿಯೇ ಜಪಾನಿನ ಕುಶಲಕರ್ಮಿಗಳು ಈ ಮುದಿ ಯಂತ್ರಗಳನ್ನು ಹುಡುಕಿ ಜೋಪಾನ ಮಾಡುತ್ತಾರೆ. ತಿರುಚಿದ ಅಂಚು ಒಗೆದಂತೆ ಒಗೆದಂತೆ ಹುರಿಗಟ್ಟಿದ ಹಗ್ಗದ ಹಾಗೆ ಓರೆ ಓರೆಯಾಗಿ ಮಾಸುತ್ತದೆ. ಆ ಓರೆ ಇಲ್ಲದ ಜೀನ್ಸ್, ಅದನ್ನು ಬಲ್ಲವರಿಗೆ, ಒಗ್ಗರಣೆ ಇಲ್ಲದ ಸಾರು. ಸಂದೀಪ ಇದನ್ನು ಮೊದಲೇ ಹೇಳಬೇಕಿತ್ತು. ಸಾರಿಗೆ ಒಗ್ಗರಣೆ ಹಾಕಿ ಎಂದು ಯಾರಾದರೂ ಹೇಳುತ್ತಾರೆಯೇ ಎಂದು ಸುಮ್ಮನಿದ್ದ. ಈಗಲಾದರೂ ಹೇಳಬಹುದಿತ್ತು. ಆದರೆ ಎದುರಿಗಿದ್ದವರು ಹಿರಿಯರು. ಎಷ್ಟೋ ತಿಂಗಳ ಮೇಲೆ ಆ ಮುಖ ಅರಳಿತ್ತು. ಸುಲೋಚನಾ ಬಿಸಿ ಬಿಸಿ ಮಂಡಕ್ಕಿ ಒಗ್ಗರಣೆ ತಂದು ಕೈಗಿಟ್ಟಿದ್ದರು.

"ತುಂಬಾ ಚೆನ್ನಾಗಿದೆ ಅಂಕಲ್," ಎಂದುಬಿಟ್ಟ.

ವಾರದೊಳಗೆ ಡಾಕ್ಟರ ಫೋನು ಬಂತು.

"ಏನಯ್ಯಾ ಸಂದೀಪ, ಇದೇನು ಸ್ಕೂಲ್ ಯೂನಿಫಾರ್ಮಾ? ನಮ್ಮ ಗುಂಪಿಗೆ ತೋರಿಸ್ದೆ. ಎಲ್ಲಾ ಮೌನ ಆಚರಿಸಿದ್ರು."

ಸಂದೀಪ ಕ್ಷಮೆ ಕೇಳಿದ. ಆಮೇಲೆ ಬುದ್ಧಿಗೇಡಿ ಉಪಾಯವೊಂದನ್ನು ಹೂಡಿದ. ಒಳ್ಳೆಯ ಜೀನ್ಸ್‌ಗಳನ್ನು ಗುಟ್ಟಾಗಿ ಬ್ರಿಸ್ಬೇನ್‌ನ ಅಂಥದೇ ಯಂತ್ರವಿದ್ದ ಒಬ್ಬ ಹೊಲಿಗೆಯವನಿಗೆ ಕಳಿಸಿ ತರಿಸಿಕೊಳ್ಳತೊಡಗಿದ. ಪಂಚಾಕ್ಷರಿಯವರಿಗೆ ಸಾದಾ ಖಾಕಿ ಪ್ಯಾಂಟುಗಳನ್ನು ಕೊಟ್ಟು ಪ್ರತಿಸಲವೂ "ಚೆನ್ನಾಗಿದೆ ಅಂಕಲ್" ಎನ್ನುತ್ತಿದ್ದ. ಹೋಗಿ ಬರಲು ಎರಡು ವಾರ ಹಿಡಿಯುತ್ತಿತ್ತು. ಕಾಯಲಾರದ ಗಿರಾಕಿಗಳು ಒಬ್ಬೊಬ್ಬರೇ ಕಳಚಿಕೊಂಡರು. ವರ್ಷದ ಅರ್ಧ ಹೀಗೇ ಸರಿಯಿತು. ಒಂದು ದಿನ ಅದಿತಿ, ಸಾಫ್ಟ್‌ವೇರ್ ಕಂಪನಿಯ ಕೆಲಸದ ಜಾಹೀರಾತೊಂದನ್ನು ಅವನ ಫೋನಿಗೆ ಕಳಿಸಿದಳು.

ಒಂದು ಮಧ್ಯಾಹ್ನ ಪಂಚಾಕ್ಷರಿಯವರು ಖಾಕಿ ಪ್ಯಾಂಟುಗಳ ಗಂಟು ಹಿಡಿದು ಅಂಗಡಿಗೆ ತಾವೇ ಬಂದರು. ಸಂದೀಪ ಗಿರಾಕಿಯೊಬ್ಬರಿಗೆ ಕೋಟು ತೋರಿಸುತ್ತಿದ್ದ. ಮೇಜಿನ ಮೇಲೆ ಬ್ರಿಸ್ಬೇನ್‌ನಿಂದ ಆಗಷ್ಟೇ ಬಂದ ಪೊಟ್ಟಣ ಬಿಚ್ಚಿಕೊಂಡು ಬಿದ್ದಿತ್ತು. ಅಭ್ಯಾಸಬಲ, ಅವರು ಮೇಲಿನ ಜೀನ್ಸ್ ಎತ್ತಿ, ಕಾಲಂಚನ್ನು ಒಳಮಗ್ಗುಲು ಕಾಣುವಂತೆ ತಿರುವಿದರು. ಹುಬ್ಬು ಗಂಟಿಕ್ಕಿತು.

"ಅಯ್ಯಯ್ಯೋ, ಯಾರೋ ಇದು ಕೆಡಿಸಿದ್ದು? ಪೂರ್ತಿ ಓರೆ! ಇರು, ಗಿರಾಕಿ ನೋಡೋಷ್ಟರಲ್ಲಿ ಬಿಚ್ಚಿಬಿಡ್ತೀನಿ."

ಸಂದೀಪ ತಿರುಗುವಷ್ಟರಲ್ಲಿ ಕತ್ತರಿಯ ತುದಿ ದಾರದ ಕೆಳಗೆ ಹೋಗಿತ್ತು.

"ಅಂಕಲ್, ಬೇಡ! ಅದು ಹಾಗೇ ಇರ್ಬೇಕು!"

ಕೋಟು ನೋಡುತ್ತಿದ್ದ ಗಿರಾಕಿ ಬೆಚ್ಚಿ ಎರಡು ಹೆಜ್ಜೆ ಹಿಂದೆ ಸರಿದರು. ಪಂಚಾಕ್ಷರಿಯವರು ಕತ್ತರಿ ಕೆಳಗಿಟ್ಟರು. ಇನ್ನು ಮುಚ್ಚಿಡಲು ಏನೂ ಉಳಿದಿರಲಿಲ್ಲ. ಗಿರಾಕಿ ಹೋದ ಮೇಲೆ ಸಂದೀಪ ಎಲ್ಲವನ್ನೂ ಹೇಳಿದ. ಓರೆಯ ಮಹಿಮೆ, ಡಾಕ್ಟರ ಫೋನು, ಬ್ರಿಸ್ಬೇನ್‌ನ ಗುಟ್ಟು, ಏನನ್ನೂ ಬಿಡಲಿಲ್ಲ.

"ಅಂದ್ರೆ ನಾನು ಸರಿ ಮಾಡಿದ್ದೇ ತಪ್ಪಾಯ್ತು."

"ತಪ್ಪು ನಂದು ಅಂಕಲ್. ಹೇಳಿದ್ರೆ ನಿಮಗೆ ಬೇಜಾರಾಗತ್ತೆ ಅಂತ..."

"ಬೇಜಾರಾ? ಲೋ, ಬದುಕೆಲ್ಲಾ ಜನರ ಮುಖಕ್ಕೆ ಹೊಡ್ದ ಹಾಗೆ ತಪ್ಪು ಹೇಳಿ ಸಂಬಳ ತಗೊಂಡವನು ನಾನು. ನನಗೆ ಒಂದು ತಪ್ಪು ಹೇಳೋಕೆ ನಿನಗೆ ಧೈರ್ಯ ಬರಲಿಲ್ವಾ? ಆರು ತಿಂಗಳು ಚೆನ್ನಾಗಿದೆ ಚೆನ್ನಾಗಿದೆ ಅಂತ ತಲೆ ಸವರಿದೆಯಲ್ಲ, ನಾನೇನು ಎಲ್‌ಕೆಜಿ ಮಗುವಾ?"

ಹಾಗೆಂದು ಖಾಕಿಯ ಗಂಟನ್ನು ಅಲ್ಲೇ ಬಿಟ್ಟು ಹೊರಟರು. ಬಾಗಿಲಿನಿಂದ ಮತ್ತೆ ಬಂದು, ಬ್ರಿಸ್ಬೇನ್‌ನ ಜೀನ್ಸ್ ಒಂದನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಹೋದರು.

ಆ ವಾರವೆಲ್ಲ ಅವರ ಸುದ್ದಿಯೇ ಇಲ್ಲ. ಸಂದೀಪ ಫೋನ್ ಮಾಡಲು ಹೆದರಿದ. ಕೊನೆಗೆ ಕರೆ ಬಂದದ್ದು ಸುಲೋಚನಾ ಅವರಿಂದ.

"ಬೇಗ ಬಾರಪ್ಪಾ, ನಿಮ್ಮ ಅಂಕಲ್ ಮನೇಲಿರೋ ಕರ್ಟನ್‌ಗೆಲ್ಲಾ ಓರೆ ಹೊಲಿಗೆ ಹಾಕ್ತಾ ಇದ್ದಾರೆ. ನಿನ್ನೆ ದಿಂಬಿನ ಚೀಲ. ಇವತ್ತು ನನ್ನ ಸೀರೆಗೆ ಕೈ ಹಾಕೋಕೆ ಮುಂಚೆ ಬಂದ್ಬಿಡು."

ಗ್ಯಾರೇಜಿನ ತುಂಬ ತುಂಡುಬಟ್ಟೆ. ಪಂಚಾಕ್ಷರಿಯವರು ತಲೆ ಎತ್ತದೆ ಒಂದನ್ನು ಅವನತ್ತ ಎಸೆದರು. ಅಂಚು ಸುರುಳಿ ಸುರುಳಿಯಾಗಿ ಮುದುರಿಕೊಂಡಿತ್ತು.

"ಹೇಗಿದೆ?"

ಸಂದೀಪನ ನಾಲಿಗೆಯ ತುದಿಗೆ ಹಳೆಯ ಮಾತೇ ಬಂತು. ಅದನ್ನು ನುಂಗಿಕೊಂಡ. "ಚೆನ್ನಾಗಿಲ್ಲ ಅಂಕಲ್. ಇದು ಚಕ್ಕುಲಿ."

"ಹಾಂ! ಈಗ ಬಾಯಿ ಬಂತು ನೋಡು." ಅವರು ನಕ್ಕೇಬಿಟ್ಟರು. "ಉಜ್ಜಿದ ಪಾದ ಮತ್ತೆ ಬೆಳೆಯಲ್ಲ. ಇನ್ನು ಯಂತ್ರ ಮಾಡ್ತಿದ್ದ ತಪ್ಪನ್ನ ಕೈಯಲ್ಲೇ ಮಾಡ್ಬೇಕು. ಹೊಲಿಯೋವಾಗ ಮೇಲಿನ ಮಡಿಕೇನ ಬೆರಳಲ್ಲಿ ಒಂಚೂರು ಹಿಂದಕ್ಕೆ ಹಿಡೀತೀನಿ. ಎಷ್ಟು ಹಿಡೀಬೇಕು ಅನ್ನೋದು ಸಿಕ್ತಿಲ್ಲ. ನೀನು ಕೂತು ಹೇಳು."

ಆ ಭಾನುವಾರ ಸಂದೀಪ ಅಲ್ಲೇ ಕುಳಿತ. ಅವರು ಹೊಲಿಯುವುದು, ಅವನು ತಳ್ಳಿಹಾಕುವುದು. "ಬಿಗಿಯಾಯ್ತು ಅಂಕಲ್." "ಇದು ಸಪ್ಪೆ." "ಶುರು ಚೆನ್ನಾಗಿದೆ, ಕೊನೇಲಿ ನಿದ್ದೆ ಹೋದ್ರಿ." ಒಂದೊಂದು ತಪ್ಪು ಕೇಳಿದಾಗಲೂ ಪಂಚಾಕ್ಷರಿಯವರ ಹುರುಪು ಏರುತ್ತಿತ್ತು. ಇವರಿಬ್ಬರ ಜಗಳ ಕೇಳಲು ಸುಲೋಚನಾ ಅವರೆಬೇಳೆಯ ಪಾತ್ರೆಯನ್ನು ಗ್ಯಾರೇಜಿಗೇ ತಂದುಕೊಂಡು ಕುಳಿತರು. ಹೊತ್ತು ಇಳಿಯುವ ವೇಳೆಗೆ ಒಂದು ಅಂಚು ಬಂತು. ಸಂದೀಪ ಅದನ್ನು ಬಾಗಿಲ ಬೆಳಕಿಗೆ ಒಯ್ದು, ತಿರುವಿ, ಮತ್ತೆ ತಿರುವಿ ನೋಡಿದ. ಮಡಿಕೆಯ ಮೇಲೆ ಓರೆಯ ಏರಿಳಿತ ಹದವಾಗಿ ಹರಿದಿತ್ತು. ಒಳಮೈಯಲ್ಲಿ ಮಾತ್ರ ಒಂದು ದಾರವೂ ಅಲುಗಿರಲಿಲ್ಲ.

ಪಂಚಾಕ್ಷರಿಯವರು ಕನ್ನಡಕ ತೆಗೆದು, "ಸಿಕ್ತು ಅಲ್ವಾ?" ಎಂದರು.

ಡಾಕ್ಟರ್ ರಮಾಕಾಂತ್ ಅವರ ಇನ್ನೊಂದು ಜೀನ್ಸ್ ಹೊಲಿದು ಕಳಿಸಿದರು. ಪೊಟ್ಟಣ ತಲುಪಿದ ದಿನವೇ ಫೋನು.

"ಸಂದೀಪ, ಯಾವ ಯಂತ್ರ ತಂದ್ಯಯ್ಯಾ? ನಮ್ಮೂರಿನವನ ಓರೆಗಿಂತ ಇದೇ ಚೆನ್ನಾಗಿದೆ."

"ಯಂತ್ರ ಅಲ್ಲ ಡಾಕ್ಟ್ರೇ, ಪಂಚಾಕ್ಷರಿ ಅಂಕಲ್."

"ಹಾಗಾದ್ರೆ ಆ ಅಂಕಲ್‌ಗೆ ಹೇಳು, ನಮ್ಮ ಗುಂಪಿಂದು ಒಂದು ಪೆಟ್ಟಿಗೆ ಬರ್ತಾ ಇದೆ ಅಂತ. ಅಡಿಲೇಡ್‌ನವರೂ ಕಳಿಸ್ತಾರಂತೆ."

ಪೆಟ್ಟಿಗೆ ಬಂತು, ಅದರ ಹಿಂದೆ ಇನ್ನೊಂದು ಬಂತು. ಕಳಚಿಕೊಂಡಿದ್ದ ಪರ್ತ್‌ನ ಗಿರಾಕಿಗಳೂ ಒಬ್ಬೊಬ್ಬರಾಗಿ ಮರಳಿದರು. ಅದಿತಿ ಹಾಕಿದ ಗಡುವು ಮುಗಿದ ದಿನ ಅವಳು ಅಂಗಡಿಗೆ ಬಂದು, ಜನ ನಿಂತಿದ್ದನ್ನು ನೋಡಿ, "ನನಗೂ ಒಂದು ಜಾಕೆಟ್ ತೋರಿಸ್ತೀಯಾ, ಇಲ್ಲ ಕ್ಯೂನಲ್ಲಿ ನಿಲ್ಲಲಾ?" ಎಂದಳು. ಅದೇ ತಿಂಗಳು ಯಂತ್ರ ಥಾರ್ನ್ಲಿಯ ಗ್ಯಾರೇಜಿನಿಂದ ಅಂಗಡಿಗೆ ಬಂತು.

ಈಗ, ೨೦೧೯ರಲ್ಲಿ, ಪಂಚಾಕ್ಷರಿಯವರು ವಾರಕ್ಕೆ ನಾಲ್ಕು ದಿನ ಥಾರ್ನ್ಲಿಯಿಂದ ರೈಲಿನಲ್ಲಿ ಬಂದು, ಸಂದೀಪನ ಅಂಗಡಿಯ ಹಿಂಬದಿಯಲ್ಲಿ ಕುಳಿತು, ಪರ್ತ್, ಅಡಿಲೇಡ್ ಮತ್ತು ಬ್ರಿಸ್ಬೇನ್‌ಗಳಿಂದ ಬರುವ ಜಪಾನೀ ಜೀನ್ಸ್‌ಗಳಿಗೆ ಕಾಲಂಚು ಹೊಲಿಯುತ್ತಾರೆ.