ಡಿ ಡ್ರೈವಿಗೆ ನುಗ್ಗಿದ ನೆಂಟ

ಹೋದ ತಿಂಗಳು ಹಾರನಹಳ್ಳಿಯಲ್ಲಿ ಒಂದು ಮದುವೆಯಲ್ಲಿ ದುಡಿದೆ. ಗಂಡು ಹೆಣ್ಣಿಗೆ ಅಷ್ಟರಲ್ಲಾಗಲೇ ಮದುವೆಯಾಗಿತ್ತು, ಅದೂ ಒಬ್ಬರಿಗೊಬ್ಬರ ಜೊತೆಗೇ. ಅಯ್ಯನವರು ಇರಲಿಲ್ಲ, ಓಲಗ ಇರಲಿಲ್ಲ. ಊಟ ಮಾತ್ರ ಇತ್ತು. ನಾನು ಬಿಳಿ ಕೊಡೆ ಹಿಡಿದು ನಡುಮನೆಯಲ್ಲಿ ನಿಂತಿದ್ದೆ. ಮಳೆಯೇನೂ ಬರುತ್ತಿರಲಿಲ್ಲ.

ಇಂಥ ಗತಿ ಯಾಕೆ ಬಂತು ಅಂತೀರಾ? ಹೇಳುತ್ತೇನೆ. ಈ ವಾರ ಬರೆಯಲು ಬೇರೆ ವಿಷಯವೂ ಇಲ್ಲ.

ನನ್ನ ಹಳೇ ಕಂಪ್ಯೂಟರ್ ಸತ್ತಿತು. ಅದರಲ್ಲಿದ್ದದ್ದು ವಿಂಡೋಸ್ 98, ಅದರೊಳಗೊಂದು ಅಷ್ಟೇ ಹಳೆಯ ಕನ್ನಡ ಸಾಫ್ಟ್‌ವೇರ್. ಈ ಅಂಕಣವನ್ನು ನಾನು ಟೈಪ್ ಮಾಡುವುದು ಅದರಲ್ಲೇ. ಹೊಸ ಕಂಪ್ಯೂಟರುಗಳು ಅದನ್ನು ಒಳಗೇ ಬಿಟ್ಟುಕೊಳ್ಳುವುದಿಲ್ಲ. ‘ಹೊಸ ಕೀಬೋರ್ಡ್ ಕಲೀರಿ ಸಾರ್’ ಎಂದರು ಪತ್ರಿಕೆಯವರು. ಈ ವಯಸ್ಸಿನಲ್ಲಿ ನಾನು ಹೊಸದಾಗಿ ಕಲಿಯಲು ಒಪ್ಪಿರುವುದು ಮಂಡಿನೋವಿನ ವ್ಯಾಯಾಮ ಒಂದೇ. (ಅದನ್ನೂ ಇನ್ನೂ ಶುರು ಮಾಡಿಲ್ಲ.)

ಕಾಪಾಡಿದವನು ಪರಮೇಶಿ. ಅರಸೀಕೆರೆ ಬಸ್ ಸ್ಟ್ಯಾಂಡಿನ ಹತ್ತಿರ ಫೋಟೋ ಸ್ಟುಡಿಯೋ ಇಟ್ಟುಕೊಂಡಿದ್ದಾನೆ. ಹೈಸ್ಕೂಲಿನಿಂದಲೂ ಗೆಳೆಯ. ‘ನನ್ ಕಂಪ್ಯೂಟರ್ ಒಳಗೇ ನಿಂಗೊಂದು ಹಳೇ ಕಂಪ್ಯೂಟರ್ ಮಾಡಿಕೊಡ್ತೀನಿ ಬಾರೋ’ ಎಂದ. ತಮಾಷೆ ಅಂದುಕೊಂಡೆ. ಅಲ್ಲ, ನಿಜ. ವರ್ಚುಯಲ್ ಮಷಿನ್ ಅಂತ ಅದರ ಹೆಸರು. ಅವನ ಹೊಸ ಕಂಪ್ಯೂಟರಿನ ಪರದೆಯ ಮೇಲೆ ಒಂದು ಚೌಕ. ಆ ಚೌಕದೊಳಗೆ ನನ್ನ ವಿಂಡೋಸ್ 98, ಸತ್ತವರು ಎದ್ದು ಬಂದ ಹಾಗೆ! ಹೊರಗಿನ ಕಂಪ್ಯೂಟರಿಗೆ ಹೋಸ್ಟ್ ಅನ್ನುತ್ತಾರಂತೆ, ಒಳಗಿನದಕ್ಕೆ ಗೆಸ್ಟ್. ಅಂದರೆ ನಾನು ನೆಂಟ.

ನೆಂಟನಿಗೆ ಒಂದು ಕುರ್ಚಿ, ಹೊತ್ತುಹೊತ್ತಿಗೆ ಕಾಫಿ, ಬರೆದದ್ದನ್ನು ಇಡಲು ಒಂದು ಫೋಲ್ಡರ್. ಅಷ್ಟೇ. ಪರಮೇಶಿಯ ಸಿ.ಡಿ. ಡ್ರೈವ್ ನನಗೆ ಕಾಣುತ್ತಿರಲಿಲ್ಲ. ಪೆನ್ ಡ್ರೈವ್ ಚುಚ್ಚಿದರೆ ಗೊತ್ತಾಗುತ್ತಿರಲಿಲ್ಲ. ಮದುವೆ ಫೋಟೋಗಳನ್ನೆಲ್ಲ ತುಂಬಿಟ್ಟಿದ್ದ ಡಿ ಡ್ರೈವ್ ಅಂತೂ ನನ್ನ ಪಾಲಿಗೆ ಇರಲೇ ಇಲ್ಲ. ಎಲ್ಲಕ್ಕೂ ಅವನೇ ಅಗುಳಿ ಹಾಕಿದ್ದ.

ಒಂದು ವಾರ ಸುಮ್ಮನಿದ್ದೆ. ಆಮೇಲೆ ಚುರುಗುಟ್ಟಲು ಶುರುವಾಯಿತು. ಅಂಕಣಕ್ಕೆಂದು ಪರಮೇಶಿಯೇ ತೆಗೆದಿದ್ದ ನನ್ನ ಹೊಸ ಫೋಟೋ (ಕೂದಲು ಇದ್ದಂತೆ ಕಾಣುವ ಏಕೈಕ ಫೋಟೋ) ಆ ಡಿ ಡ್ರೈವಿನಲ್ಲೇ ಇತ್ತು. ನನ್ನ ಮುಖ ನೋಡಲು ನನಗೇ ಪರ್ಮಿಷನ್ ಇಲ್ಲವೇ?

‘ಕಾಪಿ ಮಾಡಿ ನಿನ್ ಫೋಲ್ಡರ್‌ಗೆ ಹಾಕ್ತೀನಿ ಇರೋ’ ಎಂದ ಪರಮೇಶಿ.

‘ಬ್ಯಾಡ ಬಿಡಪ್ಪ. ನನ್ನ ನೀನು ಕಳ್ಳ ಅನ್ಕಂಡಿದೀಯ ಅಂತ ಗೊತ್ತಾಯ್ತಲ್ಲ, ಸಾಕು.’

‘ಹಂಗಲ್ಲ ಕಣೋ. ಒಳಗಿರೋದು ಹಳೇ ವಿಂಡೋಸು. ಅದುಕ್ಕೆ ಈ ಹೊಸ ಡಿಸ್ಕು ಓದಾಕೆ ಬರಲ್ಲ.’

‘ಹೈಸ್ಕೂಲಲ್ಲಿ ನಿಂಗೆ ಲೆಕ್ಕ ತೋರಿಸ್ತಿದ್ದಾಗ ನಾನು ಹಿಂಗೆ ಅಗುಳಿ ಹಾಕಿದ್ನೇನ್ಲಾ?’

ಇದು ನೋಡಿ ನಮ್ಮ ಕಡೆಯ ಬ್ರಹ್ಮಾಸ್ತ್ರ. ಸ್ಕೂಟರ್ ಕೇಳಿದರೆ ಕೀ ಕೊಡುತ್ತೇವೆ, ಆಮೇಲೆ ಬಾಗಿಲಲ್ಲಿ ನಿಂತು ದೇವರನ್ನು ನೆನೆಯುತ್ತೇವೆ. ‘ಇಲ್ಲ’ ಅನ್ನುವ ಎರಡಕ್ಷರ ಬಾಯಿಗೆ ಬರುವುದೇ ಇಲ್ಲ. ದಾಕ್ಷಿಣ್ಯಕ್ಕೆ ಬಸಿರಾದರೆ ಹೆರಲು ಜಾಗವಿಲ್ಲ ಅಂತ ಗಾದೆ ಮಾಡಿದವರೂ ನಾವೇ, ವಾರಕ್ಕೊಮ್ಮೆ ಬಸಿರಾಗುವವರೂ ನಾವೇ. ಪರಮೇಶಿ ತಲೆ ಕೆರೆದುಕೊಂಡ. ಏನೋ ಟಿಕ್ ಮಾಡಿದ. ಇಡೀ ಡಿಸ್ಕನ್ನೇ ನನ್ನ ಚೌಕದೊಳಕ್ಕೆ ಕೊಟ್ಟು, ಯಾರದೋ ಪಾಸ್‌ಪೋರ್ಟ್ ಫೋಟೋ ತೆಗೆಯಲು ಮುಂದಿನ ಕೋಣೆಗೆ ಹೋದ.

ನಾನು ಗೆದ್ದ ಹುರುಪಿನಲ್ಲಿ ಡಿ ಡ್ರೈವಿನ ಮೇಲೆ ಕ್ಲಿಕ್ ಮಾಡಿದೆ. ಕಂಪ್ಯೂಟರ್ ಇಂಗ್ಲಿಷಿನಲ್ಲಿ ಕೇಳಿತು: ಈ ಡಿಸ್ಕ್ ಫಾರ್ಮ್ಯಾಟ್ ಆಗಿಲ್ಲ, ಈಗ ಮಾಡಲೇ?

ಫಾರ್ಮ್ಯಾಟ್ ಅಂದರೆ ಗುಡಿಸಿ ಸಾರಿಸಿ ಖಾಲಿ ಮಾಡುವುದು ಅಂತ ನನಗೆ ಆಮೇಲೆ ಗೊತ್ತಾಯಿತು. ಆಗ ನನಗೆ ಕಂಡದ್ದು ವಿನಯದಿಂದ ಕೇಳುತ್ತಿರುವ ಒಂದು ಯಂತ್ರ. ‘ಯೆಸ್’ ಒತ್ತಿದೆ. ಇನ್ನೊಮ್ಮೆ ಕೇಳಿತು, ಇನ್ನೊಮ್ಮೆ ಒತ್ತಿದೆ.

ಹಳೆಯ ಮದುವೆಗಳಿಗೆಲ್ಲ ಪರಮೇಶಿಯ ಹತ್ತಿರ ಡಿ.ವಿ.ಡಿ. ಇತ್ತು. ಇರದಿದ್ದದ್ದು ಒಂದಕ್ಕೇ. ಹಾರನಹಳ್ಳಿಯ ಗೌರಮ್ಮನವರ ಮಗಳು ಸುಮಾಳ ಮದುವೆ, ಹಿಂದಿನ ವಾರ ಆದದ್ದು. ಕ್ಯಾಮೆರಾದ ಕಾರ್ಡನ್ನು ಅಳಿಸಿ ಅವನಾಗಲೇ ಬೇರೆ ಮದುವೆಗೆ ಬಳಸಿದ್ದ. ಹಾಸನದಲ್ಲಿ ಫೋಟೋ ವಾಪಸ್ ತೆಗೆಯುವವನೊಬ್ಬನಿದ್ದಾನೆ ಅಂತ ಡಿಸ್ಕ್ ಹೊತ್ತುಕೊಂಡು ಓಡಿದೆವು. ಬಂದ ಫೋಟೋಗಳಲ್ಲಿ ತಲೆ ಇದ್ದರೆ ಮುಂಡ ಇಲ್ಲ, ಮುಂಡ ಇದ್ದರೆ ಯಾರದು ಅಂತ ಗೊತ್ತಿಲ್ಲ. ಪರಮೇಶಿ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಹಾಸನದಿಂದ ವಾಪಸ್ ಬರುವಾಗ ಬಸ್ಸಿನಲ್ಲಿ ಅವನ ಟಿಕೆಟ್ಟನ್ನೂ ನಾನೇ ತೆಗೆದೆ. ಮದುವೆ ಫೋಟೋ ಕಳೆದವನನ್ನು ಈ ಸೀಮೆಯಲ್ಲಿ ಮತ್ತೆ ಯಾರು ಕರೆಯುತ್ತಾರೆ?

ಹಾರನಹಳ್ಳಿಗೆ ಇಬ್ಬರೂ ಹೋದೆವು. ‘ಮಿಷನ್ ಕೆಟ್ಟೋಯ್ತು ಗೌರಮ್ಮಾರೆ’ ಎಂದು ಪರಮೇಶಿ ಶುರು ಮಾಡಿದ. ಅಲ್ಲೂ ದಾಕ್ಷಿಣ್ಯ! ನಾನೇ ಬಾಯಿ ಬಿಟ್ಟೆ.

‘ಮಿಷನ್ ಅಲ್ಲಮ್ಮ. ನಾನು ಯೆಸ್ ಅಂತ ಒತ್ತಿದೆ.’

‘ಯಾಕೆ ಒತ್ತಿದ್ರಿ?’

‘ಅದು ಕೇಳ್ತು.’

‘ಕೇಳಿದ್ದುಕ್ಕೆಲ್ಲ ಹೂಂ ಅಂತಾರಾ ಸ್ವಾಮಿ?’

ತವರಿಗೆ ಬಂದಿದ್ದ ಸುಮಾ ಒಳಗಿನಿಂದಲೇ ತೀರ್ಪು ಕೊಟ್ಟಳು: ‘ಅತ್ತೆ ಮನೇಲಿ ಆಲ್ಬಂ ಆಲ್ಬಂ ಅಂತ ಪ್ರಾಣ ತಿಂತಾವ್ರೆ. ಮತ್ತೆ ತೆಗೀರಿ. ನಾನು ಸೀರೆ ಉಟ್ಕೊತೀನಿ. ಇವ್ರು ಲೈಟ್ ಹಿಡೀಲಿ.’

ಹೀಗೆ ನನ್ನ ಕೈಗೆ ಫೋಟೋ ಲೈಟಿನ ಬಿಳಿ ಕೊಡೆ ಬಂತು. ಆದರೆ ಗಂಡು ಲೋಕೇಶ ಅಷ್ಟರೊಳಗೆ ತಿರುಪತಿಗೆ ಹೋಗಿ ಮುಡಿ ಕೊಟ್ಟು ಬಂದಿದ್ದ. ಬೋಳುತಲೆಗೆ ಪೇಟ ಕಟ್ಟಿದೆವು. ಧಾರೆಗೆ ಪೇಟ ಸರಿ. ಆರತಕ್ಷತೆಗೆ ಕೋಟು ಹಾಕಿದಾಗಲೂ ಪೇಟ!

ಬೆಳಕು ಮೇಲಿನಿಂದ ಬೀಳಲಿ ಅಂತ ನಾನು ಅಟ್ಟದ ಏಣಿಯ ಮೇಲೆ ಕಾಲಿಟ್ಟೆ. ಗೌರಮ್ಮ ಗದರಿದರು. ‘ಅಟ್ಟಕ್ಕೆ ಮಾತ್ರ ಬ್ಯಾಡಿ. ಕೊಬ್ರಿಗೆ ಹಾಕಿರೋ ಕಾಯಿ ಐತೆ, ತುಳುದ್ರೆ ಹಾಳಾಯ್ತವೆ. ನಮ್ ಅಳಿಯುನ್ನೂ ಹತ್ಸಾಕಿಲ್ಲ. ಇಳೀರಿ, ಹೋಳಿಗೆ ತಿನ್ನಿ.’

ಇಳಿದೆ, ತಿಂದೆ. ಅವಮಾನವೂ ಆಗಲಿಲ್ಲ, ಕಳ್ಳ ಅಂದಂತೆಯೂ ಅನ್ನಿಸಲಿಲ್ಲ. ಡಿ ಡ್ರೈವಿನ ವಿಷಯದಲ್ಲಿ ಪರಮೇಶಿ ಇಷ್ಟೇ ಹೇಳಿದ್ದಾಗ ಮಾತ್ರ ನನ್ನ ಮರ್ಯಾದೆ ಎಲ್ಲಿಂದ ಎದ್ದು ಬಂದಿತ್ತು?

ಕೊನೆಗೆ ಉಳಿದದ್ದು ಹೆಣ್ಣೊಪ್ಪಿಸುವ ಶಾಸ್ತ್ರ. ಮಗಳ ಕೈಯನ್ನು ಬೀಗರ ಕೈಗೆ ಕೊಡುವಾಗ ತಾಯಿ ಅಳುವ ಫೋಟೋ ಇಲ್ಲದೆ ಆಲ್ಬಂ ಇಲ್ಲ. ಬೀಗರ ಜಾಗದಲ್ಲಿ ಪಕ್ಕದ ಮನೆಯವರನ್ನು ಬೆನ್ನು ತಿರುಗಿಸಿ ನಿಲ್ಲಿಸಿದ್ದಾಯಿತು.

‘ಅಮ್ಮಾ, ಒಂಚೂರು ಅಳಿ’ ಎಂದ ಪರಮೇಶಿ.

‘ಅವತ್ತೇ ಅತ್ತಾಯ್ತು ಕಣಪ್ಪ. ಒಂದು ಮದ್ವೆಗೆ ಎಷ್ಟು ಸಲ ಅಳಾನ?’

ಪಾಪ, ಪ್ರಯತ್ನಪಟ್ಟರು. ಯಾರೋ ಈರುಳ್ಳಿ ತಂದರು. ಅಷ್ಟರಲ್ಲಿ ಕೈ ಸೋತು ನನ್ನ ಕೊಡೆ ವಾಲಿ ಲೋಕೇಶನ ಪೇಟಕ್ಕೆ ತಗುಲಿತು, ಪೇಟ ಕೆಳಗೆ ಬಿತ್ತು. ಗೌರಮ್ಮನವರಿಗೆ ತಡೆಯಲಾರದಷ್ಟು ನಗು. ಪರಮೇಶಿಯ ಬೆರಳು ಅಭ್ಯಾಸಬಲದಿಂದ ಕ್ಲಿಕ್ಕಿಸಿತು. ಆಮೇಲೆ ಎಷ್ಟು ತೆಗೆದರೂ ಆಕೆ ನಗುತ್ತಲೇ ಇದ್ದರು. ಆಲ್ಬಮ್ಮಿಗೆ ಹೋದದ್ದು ಅದೇ ನಗು.

ಪರಮೇಶಿ ಮತ್ತೆ ಎಲ್ಲ ಅಗುಳಿ ಹಾಕಿದ್ದಾನೆ. ಇದನ್ನು ಟೈಪ್ ಮಾಡುತ್ತಿರುವುದು ಅದೇ ಚೌಕದೊಳಗೆ. ಡಿ ಡ್ರೈವ್ ಕಾಣುತ್ತಿಲ್ಲ, ನಾನು ಕೇಳುವುದೂ ಇಲ್ಲ. (ಅಂಕಣದ ಫೋಟೋ ಬದಲಾಗಿಲ್ಲ. ಕೂದಲಿದ್ದ ಫೋಟೋ ಸುಮಾಳ ಮದುವೆಯ ಜೊತೆಗೇ ಅಳಿಸಿಹೋಯಿತು.)

ಮೊನ್ನೆ ಗೌರಮ್ಮ ಸ್ಟುಡಿಯೋಗೆ ಬಂದಿದ್ದರು. ಬಾಣಾವರದ ಬೀಗರ ಮನೆಯಲ್ಲಿ ಆಲ್ಬಂ ನೋಡಿದ ಹೆಂಗಸರೆಲ್ಲ ಕೇಳುತ್ತಿದ್ದಾರಂತೆ, ‘ಮಗಳ್ನ ಕಳ್ಸಾಕೆ ನಿಮ್ಗೆ ಇಷ್ಟೊಂದು ಖುಸಿಯಾ?’ ಹೇಳುವಾಗ ಅವರ ದನಿ ಸಣ್ಣಗಾಯಿತು. ‘ಅವತ್ತು ಎಷ್ಟು ಅತ್ತೆ ಅಂತ ನಂಗೊತ್ತು, ನನ್ ಮಗಳ್ಗೆ ಗೊತ್ತು. ಆಲ್ಬಂಗೆ ಗೊತ್ತಿಲ್ವಲ್ಲ ಸ್ವಾಮಿ.’

ಆದ್ದರಿಂದ ಈ ವಾರದ ಅಂಕಣ ನಿಮಗಲ್ಲ. ಬಾಣಾವರದ ಬೀಗರೇ, ಗೌರಮ್ಮನವರು ಅವತ್ತು ಅತ್ತಿದ್ದರು. ಆ ಕಣ್ಣೀರನ್ನು ಒರೆಸಿ ಹಾಕಿದವನು ನಾನು.